ಎರಡು ಚಕ್ರವೋ ನಾಲ್ಕು ಚಕ್ರವೋ

ನಾನು ಮದುವೆಯಾಗಿ ಪಾಂಡವಪುರದ ಪಕ್ಕದ ಹಳ್ಳಿಗೆ ಬಂದ ಮರುವರ್ಷ ನಮ್ಮ ಮನೆಯಲ್ಲಿ ಕಬ್ಬು ಸಾಗಿಸುವ ಗಾಡಿಯ ಮಾತು ಶುರುವಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿಯವರೆಗೆ ನಮ್ಮ ಕಬ್ಬು ಎತ್ತಿನ ಗಾಡಿಯಲ್ಲೇ ಕಾರ್ಖಾನೆಗೆ ಹೋಗುತ್ತಿತ್ತು. ಈಗ ಎತ್ತುಗಳಿಗೆ ವಯಸ್ಸಾಗಿತ್ತು, ಕಬ್ಬಿನ ಗದ್ದೆಯೂ ಹೆಚ್ಚಾಗಿತ್ತು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅತ್ತೆಯದು. ಅವರ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವರು ನನ್ನ ಭಾವ, ಚಿಕ್ಕವರು ನಮ್ಮನೆಯವರು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಈ ಐದು ಜನ ಜಗಳವಿಲ್ಲದೆ ಒಪ್ಪುತ್ತಿದ್ದುದು ಮುದ್ದೆ, ಉಪ್ಪುಸಾರಿನ ವಿಷಯದಲ್ಲಿ ಮಾತ್ರ.

ಭಾವನಿಗೆ ಲಾರಿಯ ಮೇಲೆ ಮನಸ್ಸು. ಶ್ರೀರಂಗಪಟ್ಟಣದಲ್ಲಿ ಒಂದು ಹಳೇ ಲಾರಿ ಮಾರಾಟಕ್ಕಿದೆ ಎಂದು ಯಾರೋ ಹೇಳಿದ್ದೇ ತಡ, ಒಂದು ಬೆಳಿಗ್ಗೆ ಎಲ್ಲರೂ ಬಸ್ಸು ಹತ್ತಿದೆವು. ಅತ್ತೆ ಹೊಸ ಸೀರೆ ಉಟ್ಟು ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟವರ ಹಾಗೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಲಾರಿ ಹೊಳೆಗೆ ಹೋಗುವ ದಾರಿಯ ಬದಿಯಲ್ಲಿ ನಿಂತಿತ್ತು. ಮಾಲೀಕ ಬಾನೆಟ್ಟು ಎತ್ತಿದ. ಭಾವ ಒಳಗೆ ಇಣುಕಿ, ತಮಗೆ ಎಲ್ಲಾ ಅರ್ಥವಾಯಿತು ಎನ್ನುವಂತೆ ಗಂಭೀರವಾಗಿ ತಲೆಯಾಡಿಸಿದರು. ಸ್ಟಾರ್ಟು ಮಾಡಿದಾಗ ಕಪ್ಪು ಹೊಗೆ ಬಂದು ಅಕ್ಕನೂ ನಾನೂ ಸೆರಗಿನಿಂದ ಮೂಗು ಮುಚ್ಚಿಕೊಂಡೆವು. ಅತ್ತೆ ಮಾತ್ರ ಲಾರಿಗೆ ಒಂದು ಸುತ್ತು ಬಂದು ಕೇಳಿದರು:

"ಏನಪ್ಪಾ, ಇದು ಎಷ್ಟು ಹೊರ್ತದೆ?"

"ಏನಾಕಿದ್ರೂ ಹೊರ್ತದೆ ಕಣವ್ವ. ಗುಡ್ಡ ತಂದಾಕಿ, ಹೊತ್ಕೊಂಡೋಯ್ತದೆ."

"ಗದ್ದೆ ಉಳ್ತದಾ?"

ಮಾಲೀಕ ನಕ್ಕ. "ಲಾರಿ ಎಲ್ಲಾದ್ರೂ ಗದ್ದೆ ಉಳ್ತದಾ ಅವ್ವ?"

"ಅಂಗಾರೆ ಕಬ್ಬು ಇಲ್ದೇ ಇರೋವಾಗ ಇದ್ನ ಮನೆ ಮುಂದೆ ನಿಲ್ಲಿಸ್ಕಂಡು ಪೂಜೆ ಮಾಡಾದಾ?"

ಭಾವ ತಾವೇ ಬಾನೆಟ್ಟು ಮುಚ್ಚಿದರು. ಬಂದ ದಾರಿಗೆ ಸುಂಕವಿಲ್ಲ ಎಂದು ಸುಮ್ಮನಾಗದೆ ಅತ್ತೆ ನಮ್ಮನ್ನೆಲ್ಲ ರಂಗನಾಥನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಪ್ರಸಾದ ತಿನ್ನಿಸಿ, ಮನೆಗೆ ಕರೆತಂದರು. ಯುಗಾದಿಗೆ ಮುಂಚೆ ಮನೆಗೆ ಟ್ರಾಕ್ಟರು ಬಂತು. ಉಳುತ್ತದೆ, ಎಳೆಯುತ್ತದೆ, ಎರಡೂ ಆಯಿತು.

ಆದರೆ ಟ್ರಾಕ್ಟರು ಬರೀ ತಲೆ. ಹೊರುವುದಕ್ಕೆ ಹಿಂದೆ ಟ್ರೇಲರು ಬೇಕು. ನಿಜವಾದ ರಗಳೆ ಶುರುವಾದದ್ದು ಅಲ್ಲಿ. ಟ್ರೇಲರಿನಲ್ಲಿ ಎರಡು ಜಾತಿ. ಒಂದಕ್ಕೆ ನಡುವೆ ಎರಡೇ ಚಕ್ರ. ಮುಂದಿನ ಭಾರವನ್ನು ಟ್ರಾಕ್ಟರಿನ ಕೊಂಡಿಯೇ ಹೊರಬೇಕು. ಇನ್ನೊಂದಕ್ಕೆ ಮುಂದೆರಡು ಹಿಂದೆರಡು, ಒಟ್ಟು ನಾಲ್ಕು ಚಕ್ರ. ತನ್ನ ಭಾರ ತಾನೇ ಹೊತ್ತು ನಿಲ್ಲುತ್ತದೆ. ನನ್ನ ತವರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ. ಅಲ್ಲಿ ನಮ್ಮಪ್ಪನ ಮನೆಯಲ್ಲಿ ರಾಗಿ, ಹುರುಳಿ, ಕಲ್ಲು ಎಲ್ಲವನ್ನೂ ಎರಡು ಚಕ್ರದ ಟ್ರೇಲರು ಹೊರುತ್ತಿತ್ತು. ಅಕ್ಕನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ. ಅವರ ಮನೆಯಲ್ಲಿ ನಾಲ್ಕು ಚಕ್ರದ್ದು. ಹೀಗಾಗಿ ಚಕ್ರದ ಲೆಕ್ಕ ತವರುಮನೆಯ ಮರ್ಯಾದೆಯ ಲೆಕ್ಕವಾಯಿತು. ಭಾವ ಕಿಕ್ಕೇರಿಯ ಕಡೆ, ನಮ್ಮನೆಯವರು ದೇವಲಾಪುರದ ಕಡೆ. ಅಡುಗೆಮನೆಯಲ್ಲಿ ಅಕ್ಕ ತೆಂಗಿನಕಾಯಿ ತುರಿಯುತ್ತಾ, "ನಮ್ಮೂರಲ್ಲಿ ಮೂರು ಗದ್ದೆ ಕಬ್ಬು ಒಂದೇ ಸಲಕ್ಕೆ ಓಯ್ತದೆ ಕಣಮ್ಮಿ" ಎನ್ನುವರು. ನಾನು ಒಲೆಗೆ ಸೌದೆ ತಳ್ಳುತ್ತಾ, "ನಮ್ಮೂರಲ್ಲಿ ಓಣಿ ಎಷ್ಟೇ ಸಣ್ಣದಿದ್ರೂ ಹಿಂದಕ್ಕೆ ಸಲೀಸಾಗಿ ಬತ್ತದೆ ಕಣಕ್ಕ" ಎನ್ನುವೆ. ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು. ತುರಿಯುವ ಸದ್ದು ಮಾತ್ರ ಜೋರಾಗುತ್ತಿತ್ತು.

"ತಂದು ನೋಡ್ರಲಾ, ಬಾಯಲ್ಲೇ ಗಾಡಿ ಓಡಿಸ್ಬ್ಯಾಡಿ" ಎಂದರು ಅತ್ತೆ.

ಮೊದಲು ಬಂದದ್ದು ನಮ್ಮೂರಿನದು. ನನ್ನ ಅಣ್ಣನೇ ತಂದು ಬಿಟ್ಟು, ಕಬ್ಬಿನ ಕಾಲ ಮುಗಿಯುವವರೆಗೂ ಇಟ್ಟುಕೊಳ್ಳಿ ಎಂದು ಹೇಳಿ ಹೋದ. ನನಗೆ ಕತ್ತು ಒಂದು ಗೇಣು ಉದ್ದವಾಗಿತ್ತು. ಕಬ್ಬು ಕಡಿಸಿ ತುಂಬಿದರು. ಹೆಚ್ಚು ಹಿಡಿಯಲಿ ಎಂಬ ಆಸೆಗೆ ಮುಂದಿನ ಕಡೆಗೇ ಕಟ್ಟು ಮೇಲೆ ಕಟ್ಟು ಪೇರಿಸಿಬಿಟ್ಟರು. ಗದ್ದೆಯಿಂದ ಬರುವಾಗ ನಾಲೆಯ ಸೇತುವೆಗೆ ಒಂದು ಏರು ಹತ್ತಬೇಕು. ಅರ್ಧ ಏರು ಹತ್ತಿದ್ದೇ ಟ್ರಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದವು. ನಮ್ಮನೆಯವರು ಸ್ಟೇರಿಂಗು ಹಿಡಿದು ಆಕಾಶ ನೋಡುತ್ತಾ ಕೂತಿದ್ದರು.

"ಇಳೀಲಾ! ಇಳ್ದುಬುಡ್ಲಾ!" ಎಂದು ಅತ್ತೆ ಕೂಗಿದರು.

"ಇಳುದ್ರೆ ಹಿಂದಕ್ಕೋಯ್ತದೆ ಕಣವ್ವ! ಕಲ್ಲು ಕೊಡ್ರೀ, ಕಲ್ಲು!"

ಕಬ್ಬು ಕಡಿಯುವವರು ಓಡಿ ಬಂದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಭಾವನೂ ಸೇರಿ ನಾಲ್ಕು ಜನ ಮುಂದಿನ ಬಂಪರಿನ ಮೇಲೆ ಹತ್ತಿ ಜೋತುಬಿದ್ದಾಗ ಟ್ರಾಕ್ಟರು ಮೂತಿ ಇಳಿಸಿತು. ಹಾಗೆಯೇ ಅವರನ್ನೆಲ್ಲ ಮುಂದೆ ಕೂರಿಸಿಕೊಂಡು ಏರು ಹತ್ತಿತು. ಸೇತುವೆ ಮೇಲೆ ಬಂದಮೇಲೆ ಭಾವ ಪಂಚೆ ಕೊಡವಿಕೊಂಡು, "ದೇವಲಾಪುರದ ಗಾಡಿ ಚೆನ್ನಾಗದೆ ಕಣ್ಲಾ. ಕಬ್ಬಿನ ಜೊತೆ ನಾಲ್ಕು ಆಳೂ ಬೇಕು, ಅಷ್ಟೇಯಾ" ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಮುಂದಿನ ವಾರ ಕಿಕ್ಕೇರಿಯದು ಬಂತು. ಅದೇ ಕಬ್ಬು, ಅದೇ ಏರು. ಆನೆ ನಡೆದ ಹಾಗೆ ಹತ್ತಿಬಿಟ್ಟಿತು. ಅಕ್ಕನ ಮುಖ ನೋಡಬೇಕಿತ್ತು. ಆದರೆ ಕಾರ್ಖಾನೆಗೆ ಹೋಗಿಬಂದು ಖಾಲಿ ಟ್ರೇಲರನ್ನು ಮನೆ ಪಕ್ಕದ ಓಣಿಯೊಳಗೆ ಹಿಂದಕ್ಕೆ ಬಿಡಬೇಕಾದಾಗ ಅದು ತನ್ನ ಇನ್ನೊಂದು ಗುಣ ತೋರಿಸಿತು. ನಾಲ್ಕು ಚಕ್ರದ ಟ್ರೇಲರಿನಲ್ಲಿ ಮುಂದಿನ ಎರಡು ಚಕ್ರಗಳೂ ಎಡಬಲಕ್ಕೆ ತಿರುಗುತ್ತವೆ. ಭಾವ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಮಡಚಿಕೊಂಡು ಮೂಲೆಗೆ. ಕೊನೆಗೆ ಓಣಿಗೆ ಅಡ್ಡವಾಗಿ, ಎದುರುಮನೆಯ ಜಗುಲಿಗೆ ಒರಗಿಕೊಂಡು ನಿಂತಿತು. ಎದುರುಮನೆಯ ಅಜ್ಜಿ ಎಮ್ಮೆ ಹಗ್ಗ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ನನ್ನೆಮ್ಮೆ ಯಾವಾಗಪ್ಪಾ ನೀರು ಕುಡಿಯಾದು?"

"ಒಂದ್ಗಳಿಗೆ ತಡ್ಕಳವ್ವ" ಎಂದರು ಭಾವ, ಬೆವರು ಒರೆಸಿಕೊಳ್ಳುತ್ತಾ.

ಊರಿನ ಗಂಡಸರೆಲ್ಲ ಸೇರಿದರು. ಒಬ್ಬ "ಸ್ಟೇರಿಂಗು ಒಡೀ, ಒಡೀ" ಎಂದರೆ ಇನ್ನೊಬ್ಬ "ಬುಡು, ಬುಡು" ಎನ್ನುತ್ತಿದ್ದ. ಅವರಲ್ಲಿ ಅರ್ಧ ಜನ ಟ್ರಾಕ್ಟರು ಮುಟ್ಟಿದವರೇ ಅಲ್ಲ. ಕಡೆಗೆ ಕೊಂಡಿ ಕಳಚಿ, ಹತ್ತು ಮಂದಿ ತಳ್ಳಿ ಟ್ರೇಲರನ್ನು ಒಳಗೆ ನಿಲ್ಲಿಸಿದರು. ಈ ಸಲ ಸೆರಗಿನಲ್ಲಿ ನಗುವ ಸರದಿ ನನ್ನದು. ಎರಡು ದಿನ ಅಕ್ಕ ನನ್ನ ಜೊತೆ "ಉಪ್ಪು ಕೊಡು", "ಬಿಂದಿಗೆ ತಗೊ" ಎನ್ನುವುದರ ಆಚೆಗೆ ಮಾತಾಡಲಿಲ್ಲ. ಮೂರನೆಯ ದಿನ ಕಿಕ್ಕೇರಿಯವರು ತಮ್ಮ ಕಬ್ಬಿಗೆ ಬೇಕೆಂದು ಟ್ರೇಲರನ್ನು ವಾಪಸು ಒಯ್ದರು.

ಆ ಸಲದ ಉಳಿದ ಕಬ್ಬು ನಮ್ಮೂರಿನ ಟ್ರೇಲರಿನಲ್ಲೇ ಹೋಯಿತು. ಮುಂದೆ ಹಗುರ, ಹಿಂದೆ ಹದ ನೋಡಿ ತುಂಬಿದ್ದರಿಂದ ಏರಿನಲ್ಲಿ ತೊಂದರೆಯಾಗಲಿಲ್ಲ. ಆದರೆ ಎಲ್ಲರ ಕಬ್ಬೂ ಒಟ್ಟಿಗೇ ಬಂದು ಕಾರ್ಖಾನೆಯ ಮುಂದೆ ಸಾಲು ಉದ್ದವಾಗಿತ್ತು. ನಮ್ಮನೆಯವರು ಹೋದವರು ಮಾರನೆಯ ದಿನವೂ ಬರಲಿಲ್ಲ. ಅದೇ ಹೊತ್ತಿಗೆ ನಾಲೆಗೆ ನೀರು ಬಿಟ್ಟು, ನಮ್ಮ ಭತ್ತದ ಗದ್ದೆಗೆ ನೀರು ಹರಿದಿತ್ತು. ಕೆಸರು ಉಳಲು ಟ್ರಾಕ್ಟರಿಲ್ಲ. ಭಾವ ಗದ್ದೆಯ ಬದುವಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅತ್ತೆ ಅಕ್ಕನ ಕೈಗೆ ಬುತ್ತಿ ಕೊಟ್ಟು, ನನ್ನನ್ನೂ ಜೊತೆಗೆ ಕಳಿಸಿದರು.

ಬಸ್ಸಿಳಿದು ಹೋಗಿ ನೋಡಿದರೆ ರಸ್ತೆಯ ಬದಿಗೆ ಕಬ್ಬು ಹೊತ್ತ ಟ್ರೇಲರುಗಳ ಸಾಲು. ಅದರಲ್ಲಿ ಬಹಳಷ್ಟಕ್ಕೆ ಮುಂದೆ ಟ್ರಾಕ್ಟರೇ ಇಲ್ಲ! ನಾಲ್ಕು ಚಕ್ರದ ಮೇಲೆ ತಮ್ಮ ಪಾಡಿಗೆ ತಾವು ನಿಂತಿದ್ದವು. ಅವುಗಳ ಟ್ರಾಕ್ಟರುಗಳು ಕೊಂಡಿ ಕಳಚಿಕೊಂಡು ಊರಿಗೆ ಹೋಗಿ ಗದ್ದೆ ಉಳುತ್ತಿದ್ದವು. ನಮ್ಮದರಲ್ಲಿ ಮಾತ್ರ ಕೊಂಡಿ ಕಳಚಿದರೆ ಕಬ್ಬಿನ ಸಮೇತ ಮುಂಭಾಗ ನೆಲಕ್ಕೆ ಮುಗ್ಗರಿಸುತ್ತದೆ. ನಮ್ಮನೆಯವರು ಟ್ರಾಕ್ಟರಿನ ನೆರಳಲ್ಲಿ ಟವೆಲ್ಲು ಹಾಸಿಕೊಂಡು ಕೂತಿದ್ದರು. ಮುಖ ಬಾಡಿತ್ತು. ನಮ್ಮನ್ನು ಕಂಡದ್ದೇ, "ಮೊದ್ಲು ಬುತ್ತಿ ಬಿಚ್ಚಿ, ಆಮೇಲೆ ಬೈಯ್ರಿ" ಎಂದರು.

ವಾಪಸು ಬರುವ ಬಸ್ಸಿನಲ್ಲಿ ನಾನೇ ಮಾತು ತೆಗೆದೆ.

"ಅಕ್ಕ, ನಿಮ್ಮೂರದೇ ಸರಿ ಕಣಕ್ಕ. ನಾಲ್ಕು ಚಕ್ರದ್ದೇ ತರಾದು."

ಅಕ್ಕ ನನ್ನ ಮುಖವನ್ನೇ ನೋಡಿದರು. "ಸುಮ್ಕಿರಮ್ಮಿ. ಹಿಂದಕ್ಕೆ ಬುಡಾಕೆ ನಮ್ಮನೇಲಿ ಯಾರಿಗ್ ಬತ್ತದೆ? ದಿನಾ ಆ ಅಜ್ಜಿ ಎಮ್ಮೆ ಕಟ್ಟಾಕಾದಾ? ನಿಮ್ಮೂರದೇ ಇರ್ಲಿ."

"ಬ್ಯಾಡ ಅಕ್ಕ, ಇವ್ರು ಅಲ್ಲಿ ಕುಂತಿರಾದು ನೋಡಕಾಯ್ತದಾ?"

"ನಿಮ್ ಭಾವ ಓಣೀಲಿ ಬೆವರಾದು ನೋಡಕಾಯ್ತದಾ?"

ನಾನು ಕಿಕ್ಕೇರಿಗೆ ವಕಾಲತ್ತು, ಅವರು ದೇವಲಾಪುರಕ್ಕೆ ವಕಾಲತ್ತು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಇದು ಹೊಳೆದು, ಬಸ್ಸಿನ ಜನ ತಿರುಗಿ ನೋಡುವಷ್ಟು ನಕ್ಕೆವು. ಅಕ್ಕ ನಗುತ್ತಾ ನನ್ನ ಭುಜಕ್ಕೆ ತಲೆ ಒರಗಿಸಿದರು. ಮದುವೆಯಾಗಿ ಬಂದಮೇಲೆ ನನಗೆ ಆ ಮನೆ ನನ್ನದು ಅನ್ನಿಸಿದ್ದು ಆವತ್ತು, ಆ ಬಸ್ಸಿನಲ್ಲಿ.

ಊರು ಬರುವಷ್ಟರಲ್ಲಿ ದಾರಿಯನ್ನೂ ಹುಡುಕಿದ್ದೆವು. ಓಣಿಯ ಕೊನೆಗೆ ಮನೆಯ ಹಿತ್ತಲು. ಹಿತ್ತಲಿನ ಆಚೆ ಊರಾಚೆಯ ರಸ್ತೆ. ಹಿತ್ತಲಿನಲ್ಲಿ ಒಂದು ದಾರಿಯಾದರೆ ಟ್ರಾಕ್ಟರು ಓಣಿಯಲ್ಲಿ ಬಂದು ಆ ಕಡೆಯಿಂದ ಹೊರಕ್ಕೆ ಹೋಗಬಹುದು, ಹಿಂದಕ್ಕೆ ಬಿಡುವ ಪ್ರಮೇಯವೇ ಇಲ್ಲ. ಅಡ್ಡವಿದ್ದದ್ದು ಒಂದೇ: ಅತ್ತೆಯ ತಿಪ್ಪೆ. ಅತ್ತೆ ಆ ತಿಪ್ಪೆಗುಂಡಿಯನ್ನು ಹೂವಿನ ತೋಟದಂತೆ ನೋಡಿಕೊಳ್ಳುತ್ತಿದ್ದರು. ದೀಪಾವಳಿಯಲ್ಲಿ ಅದಕ್ಕೂ ದೀಪ ಇಡುತ್ತಿದ್ದರು.

"ನನ್ ತಿಪ್ಪೆ ಮ್ಯಾಲೆ ಟ್ರಾಕ್ಟರ್ ಬುಡ್ತೀರಾ?" ಅತ್ತೆ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದರು.

"ಮ್ಯಾಲೆ ಬುಡಲ್ಲ ಅತ್ತೆ, ಆ ಕಡೆ ಮೂಲೆಗೆ ಸರಿಸ್ತೀವಿ" ಎಂದರು ಅಕ್ಕ.

"ನಾವಿಬ್ರೇ ಗುಂಡಿ ತೆಗೀತೀವಿ ಅತ್ತೆ" ಎಂದೆ ನಾನು.

ಅವರು ನಮ್ಮಿಬ್ಬರನ್ನೂ ಒಬ್ಬರಾದಮೇಲೆ ಒಬ್ಬರನ್ನು ನೋಡಿದರು. ಬೆಳಿಗ್ಗೆ ಮುಖ ತಿರುಗಿಸಿಕೊಂಡು ಹೋದ ಸೊಸೆಯರು ಸಂಜೆ ಒಂದೇ ಬಾಯಲ್ಲಿ ಮಾತಾಡುತ್ತಿದ್ದುದು ಅವರಿಗೆ ತಿಪ್ಪೆಗಿಂತ ದೊಡ್ಡದಾಗಿ ಕಂಡಿರಬೇಕು. "ಆಯ್ತು ಬುಡಿ. ಆದ್ರೆ ಹೊಸ ಗಾಡೀಲಿ ಮೊದ್ಲು ಓಗಾದು ನನ್ ಗೊಬ್ರ. ಕಬ್ಬು ಆಮೇಲೆ" ಎಂದರು.

ಪಾಂಡವಪುರದ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ಚಕ್ರದ ಟ್ರೇಲರಿಗೆ ಹೇಳಿದರು. ಗಟ್ಟಿ ತಳ, ಕಳಚುವ ಪಕ್ಕದ ಹಲಗೆಗಳು, ಲಾರಿಯ ಟೈರು. ಹಿಂದೆ ಏನು ಬರೆಯಬೇಕು ಎಂದು ಪೇಂಟರು ಕೇಳಿದಾಗ ಅಣ್ಣತಮ್ಮಂದಿರು ಮತ್ತೆ ಜಗಳಕ್ಕೆ ನಿಂತರು. ಒಬ್ಬರಿಗೆ ಮೇಲುಕೋಟೆ ದೇವರ ಹೆಸರು ಬೇಕು, ಇನ್ನೊಬ್ಬರಿಗೆ ಮನೆದೇವರ ಹೆಸರು. ಅತ್ತೆ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, "ಕಿಕ್ಕೇರಿ, ದೇವಲಾಪುರ ಅಂತ ಬರಿಯಪ್ಪ. ಗಾಡಿ ತೋರ್ಸಿದೋರು ಅವರು ತಾನೇ" ಎಂದರು. ಪೇಂಟರು ಎರಡೂರಿನ ಹೆಸರನ್ನು ಹಳದಿ ಬಣ್ಣದಲ್ಲಿ, ಸುತ್ತ ಹೂಬಳ್ಳಿ ಹಾಕಿ ಬರೆದ. ಮುಂದೆ ಎಷ್ಟೋ ಸಲ ಸಂತೆಗೆ ಹೊರಟ ಹೆಂಗಸರು ಅದನ್ನು ಬಸ್ಸಿನ ಬೋರ್ಡಿನ ಹಾಗೆ ಓದಿಕೊಂಡು, ಬುಟ್ಟಿ ಎತ್ತಿಕೊಂಡು, "ನಮ್ಮನ್ನೂ ಹತ್ತಿಸ್ಕಳ್ರಪ್ಪೋ" ಎಂದು ಟ್ರಾಕ್ಟರಿನ ಹಿಂದೆ ಓಡಿ ಬಂದದ್ದುಂಟು. ನಮ್ಮನೆಯವರು ನಿಲ್ಲಿಸಿ ಹತ್ತಿಸಿಕೊಳ್ಳುತ್ತಲೂ ಇದ್ದರು.

ಟ್ರೇಲರು ಮನೆಗೆ ಬಂದ ದಿನ ಅತ್ತೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಹಿತ್ತಲಿನ ದಾರಿ ಆಗಲೇ ಸಿದ್ಧವಾಗಿತ್ತು. ಹೊಸ ಗುಂಡಿಗೆ ಸರಿಸಿ ಉಳಿದ ಹಳೇ ಗೊಬ್ಬರವನ್ನು ನಾವೆಲ್ಲ ಮಂಕರಿಯಲ್ಲಿ ಹೊತ್ತು ತುಂಬಿದೆವು. ಭಾವ ಟ್ರಾಕ್ಟರು ಹೊರಡಿಸಿದರು. ಅದು ಹಿತ್ತಲಿನಿಂದ ಹೊರಬಿದ್ದು, ನಾಲೆಯ ಏರು ಹತ್ತಿ, ಗದ್ದೆಯ ದಾರಿ ಹಿಡಿಯಿತು. ಗೊಬ್ಬರ ಇಳಿಸಿದ ಮೇಲೆ ಖಾಲಿ ಟ್ರೇಲರಿನ ಹಲಗೆಯ ಮೇಲೆ ಅಕ್ಕನೂ ನಾನೂ ಕಾಲು ಇಳಿಬಿಟ್ಟು ಕೂತೆವು. ಪಕ್ಕದಲ್ಲಿ ನಾಲೆಯ ನೀರು ಹರಿಯುತ್ತಿತ್ತು. ಅಕ್ಕ ಮಡಿಲಿನಿಂದ ಹುರಿಗಡಲೆ ತೆಗೆದು ನನ್ನ ಕೈಗೆ ಸುರಿದರು. ಗದ್ದೆಯಲ್ಲಿ ಅತ್ತೆ ಗೊಬ್ಬರದ ಗುಡ್ಡೆಗಳ ನಡುವೆ ನಿಂತು, ಎಲ್ಲಿ ಎಷ್ಟು ಹರಡಬೇಕು ಎಂದು ಮಕ್ಕಳಿಬ್ಬರಿಗೂ ಕೈ ತೋರಿಸಿ ಹೇಳುತ್ತಿದ್ದರು. ಇಬ್ಬರೂ ಮರುಮಾತಿಲ್ಲದೆ ಹರಡುತ್ತಿದ್ದರು.