ಅಡ್ಡಹೆಸರಿಲ್ಲದ ಲೋಕ

ದಾಳ ಉರುಳಿಸಿ ಕಥೆ ಕಟ್ಟುವ ಆಟವೊಂದಿದೆ. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ಒಂದು ಕಲ್ಪಿತ ಲೋಕವನ್ನು ವರ್ಣಿಸುತ್ತಾ ಹೋಗುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಬದುಕುತ್ತಾರೆ. ಗೋಡೆ ಹಾರಬೇಕೆಂದರೆ ದಾಳ ಎಸೆಯಬೇಕು, ರಾಕ್ಷಸನಿಗೆ ಸುಳ್ಳು ಹೇಳಬೇಕೆಂದರೂ ದಾಳ ಎಸೆಯಬೇಕು. ಬೈಲಹೊಂಗಲದ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನನ್ನಂಥವಳಿಗೆ ಈ ಹುಚ್ಚು ಹೇಗೆ ಹತ್ತಿತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಹುಚ್ಚು ಹತ್ತುವ ಮೊದಲು ಊರು ಯಾವುದೆಂದು ವಿಚಾರಿಸುವುದಿಲ್ಲ.

ಹತ್ತಿಸಿದವಳು ನನ್ನ ಗೆಳತಿ. ಧಾರವಾಡದ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಓದು ಮುಗಿದು ಅವಳು ಸವದತ್ತಿಯಲ್ಲಿ ಕಾಲೇಜಿನ ಉಪನ್ಯಾಸಕಿಯಾದಳು, ನಾನು ಅಪ್ಪನ ಅಚ್ಚಿನ ಅಂಗಡಿಗೆ ಬಂದು ಕುಳಿತೆ. ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಆಟ. ರಾಮದುರ್ಗದಿಂದ ಅವಳ ಚಿಕ್ಕಪ್ಪನ ಮಗ ಬರುತ್ತಿದ್ದ. ಸವದತ್ತಿಯಿಂದ ಅವಳ ಜೊತೆಗೆ ಚಷ್ಮಾ ಅಂಗಡಿಯವರೊಬ್ಬರು. ಇಷ್ಟೇ ನಮ್ಮ ಪಡೆ.

ಮೊದಮೊದಲು ಯಾರೋ ಬರೆದಿಟ್ಟ, ಸಿದ್ಧವಾಗಿ ಸಿಗುವ ಲೋಕಗಳಲ್ಲಿ ಆಡಿದೆವು. ಎಲ್ಲದರಲ್ಲೂ ಕೋಟೆ, ಕಾಡು, ಬೆಂಕಿ ಉಗುಳುವ ಹಾವು, ಗುರುತಿಲ್ಲದವರು ಬಂದು ಸೇರುವ ಒಂದು ಖಾನಾವಳಿ. ಹಾಗಿದ್ದರೆ ಒಂದು ಲೋಕಕ್ಕೂ ಇನ್ನೊಂದಕ್ಕೂ ಫರಕೇನು ಎಂದು ನಾವು ಚಹಾ ಆರುವವರೆಗೆ ಜಗಳಾಡುತ್ತಿದ್ದೆವು. ಚಿಕ್ಕಪ್ಪನ ಮಗನ ಪ್ರಕಾರ ಫರಕು ರಾಕ್ಷಸರಲ್ಲಿ. ಚಷ್ಮಾದವರ ಪ್ರಕಾರ ನಕಾಶೆಯಲ್ಲಿ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಬೆಟ್ಟ ಹೊಳೆಗಳನ್ನು ಯಾರಾದರೂ ಬರೆದಾರು. ಒಂದು ಲೋಕದಲ್ಲಿ ಯಾವುದು ಪುಕ್ಕಟೆ ಸಿಗುತ್ತದೆ, ಯಾವುದಕ್ಕೆ ಬೆವರು ಸುರಿಸಬೇಕು ಎಂಬುದನ್ನು ನೋಡಬೇಕು. ಒಂದರಲ್ಲಿ ಮಂತ್ರ ಪುಕ್ಕಟೆ, ಅನ್ನಕ್ಕೆ ಕಷ್ಟ. ಇನ್ನೊಂದರಲ್ಲಿ ಸತ್ತವರನ್ನು ಚಿನ್ನ ಕೊಟ್ಟು ಎಬ್ಬಿಸಬಹುದು, ಆದ್ದರಿಂದ ಅಲ್ಲಿ ಯಾರಿಗೂ ಸಾವಿನ ಅಂಜಿಕೆಯಿಲ್ಲ, ಧೈರ್ಯಕ್ಕೂ ಬೆಲೆಯಿಲ್ಲ. ಆದರೆ ನಾವು ಆಡಿದ ಪ್ರತಿ ಲೋಕದಲ್ಲೂ ಒಂದು ಮಾತ್ರ ಪುಕ್ಕಟೆ ಸಿಗುತ್ತಿತ್ತು, ಹುಟ್ಟು. ಈ ಕುಲದಲ್ಲಿ ಹುಟ್ಟಿದರೆ ತೋಳಿಗೆ ಬಲ, ಆ ಕುಲದಲ್ಲಿ ಹುಟ್ಟಿದರೆ ಬುದ್ಧಿ. ಪಾತ್ರ ಬಾಯಿ ತೆರೆಯುವ ಮೊದಲೇ ಅರ್ಧ ಹಣೆಬರಹ ಮುಗಿದಿರುತ್ತಿತ್ತು. ಇದಕ್ಕೆ ದೂರದ ಲೋಕಕ್ಕೆ ಯಾಕೆ ಹೋಗಬೇಕು, ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಹೋದರೆ ಸಾಲದೇ ಎಂದು ನಾನು ಸಿಡುಕುತ್ತಿದ್ದೆ.

ನಮ್ಮದೇ ಲೋಕ ಕಟ್ಟೋಣವೆಂದು ನಾಲ್ವರೂ ತೊರಗಲ್ ಕೋಟೆ ನೋಡಲು ಹೋದೆವು. ಬುರುಜಿನ ನೆರಳಿನಲ್ಲಿ ಆಡು ಮೇಯಿಸುವ ಅಜ್ಜ ಕುಳಿತಿದ್ದ. ಎಲ್ಲಿಯವರು ಎಂದು ವಿಚಾರಿಸಿ, ನಮ್ಮ ಕಡೆಯ ರೂಢಿಯಂತೆ ಅಡ್ಡಹೆಸರು, ಎಂದರೆ ಮನೆತನದ ಹೆಸರು, ಕೇಳಿದ. ಗೆಳತಿ ಹೇಳಿದಳು. ಅವಳದು ಹೊಲಮನೆ ಇರುವ ದೊಡ್ಡ ಮನೆತನ, ಸುತ್ತಲಿನ ತಾಲೂಕುಗಳಿಗೆಲ್ಲ ಗೊತ್ತಿರುವ ಹೆಸರು. ಅಜ್ಜ ಎದ್ದು ತಾನು ಕುಳಿತ ಕಲ್ಲನ್ನು ಟವೆಲಿನಿಂದ ಒರೆಸಿ ಅವಳಿಗೆ ಬಿಟ್ಟುಕೊಟ್ಟ. ಆಮೇಲೆ ನನ್ನ ಸರದಿ. ನಮ್ಮದು ಊರ ಹೆಸರೇ ಅಡ್ಡಹೆಸರಾದ ಮನೆ, ಅದರಿಂದ ಕೇಳುವವರಿಗೆ ಹೊಟ್ಟೆ ತುಂಬುವುದಿಲ್ಲ. "ಅಂದ್ರ ಯಾವ ಪೈಕಿ?" ಎಂದು ಜಾತಿಗೇ ಬಂದ. ನಾವು ಬೌದ್ಧರು ಎಂದೆ. ಅಜ್ಜ ಹೌದೇನು ಎಂದು ಆಡುಗಳ ಕಡೆ ತಿರುಗಿದ. ನನಗೆ ಇದು ಹಳೆಯ ರಾಗ, ಕಿವಿ ಕಲ್ಲಾಗಿ ಹೋಗಿದೆ. ಮುಖ ಕೆಂಪಾದದ್ದು ಗೆಳತಿಯದು.

ಅವಳು ಸರಸರನೆ ಕೋಟೆ ಹತ್ತಿದಳು. ಮೇಲೆ ನಿಂತು, ತನ್ನನ್ನು ನೋಡಲು ಬರುವ ವರಗಳೂ ಹೀಗೇ ಎಂದಳು. ಹೆಸರು ಕೇಳುತ್ತಾರೆ, ಹೊಲ ಕೇಳುತ್ತಾರೆ, ಎದ್ದು ಹೋಗುತ್ತಾರೆ. "ನನ್ನ ಮಾರಿ ಯಾರೂ ನೋಡೂದಿಲ್ಲ ಬೇ," ಎಂದು ನಕ್ಕಳು. ಹೆಸರು ಬಿಟ್ಟು ಅವಳ ಮುಖ ನೋಡುವ ಒಂದು ಲೋಕ ಬೇಕೆನಿಸಿತು ನನಗೆ. ಅಲ್ಲಿಯೇ, ಇಳಿಯುವ ಮೊದಲೇ, ನಮ್ಮ ಲೋಕದ ನಿಯಮ ಹೇಳಿದೆ. ಅಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ಹುಟ್ಟಿನಿಂದ ಏನೂ ಬರುವುದಿಲ್ಲ. ಮಾಡಿದ ಕೆಲಸದಿಂದ ಹೆಸರು ಬರುತ್ತದೆ, ಕೆಲಸ ಬದಲಾದರೆ ಹೆಸರೂ ಬದಲಾಗುತ್ತದೆ. ಅಡ್ಡಹೆಸರು ಕೇಳಿದವರ ನಾಲಿಗೆ ಹಿಡಿದುಕೊಳ್ಳುತ್ತದೆ, ಮುಂದಿನ ಸಲ ಅವರು ದಾಳ ಎಸೆಯುವಂತಿಲ್ಲ. ಮೂವರೂ ಚಪ್ಪಾಳೆ ತಟ್ಟಿದರು.

ಎಂಥ ಮಜಾ ಇತ್ತೆನ್ನುತ್ತೀರಿ! ಚಷ್ಮಾದವರು ಸಾಯುವ ಹಂತದಲ್ಲಿದ್ದಾಗಲೂ, ನೀರು ಕೊಡಲು ಬಂದ ದೆವ್ವಕ್ಕೆ ನಿಮ್ಮದು ಯಾವ ಮನೆತನವೆಂದು ಕೇಳಿ ನಾಲಿಗೆ ಕಳೆದುಕೊಳ್ಳುತ್ತಿದ್ದರು. ಚಿಕ್ಕಪ್ಪನ ಮಗ ರಾಕ್ಷಸನನ್ನು ಕೊಂದ ಮೇಲೆ ಅವನ ಬಳಗ ವಿಚಾರಿಸುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಕಾಡಿಸುತ್ತಿದ್ದೆ. ಗೆಳತಿ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಲೋಕವನ್ನು ಬರೆದು ವರ್ಣಿಸುವವಳು ನಾನು, ಅವಳು ದೋಣಿ ನಡೆಸುವವಳ ಪಾತ್ರ ಹಾಕಿದ್ದಳು. ಮೇಜಿನ ಮುಂದೆ ಅವಳ ದನಿಯೇ ಬೇರೆಯಾಗುತ್ತಿತ್ತು. ಹಾಸ್ಟೆಲಿನಿಂದ ಇಲ್ಲಿಯವರೆಗೆ ನನ್ನನ್ನು ಎಂದೂ 'ಯಾವ ಪೈಕಿ' ಎಂದು ಕೇಳದ ಒಬ್ಬಳೇ ಒಬ್ಬಳು ಅವಳು. ನಾನು ಅವಳನ್ನು ಕಣ್ಣು ಮುಚ್ಚಿ ನಂಬಿದ್ದೆ.

ಹೀಗೆ ವರ್ಷಗಟ್ಟಲೆ ಆಡಿದ ಮೇಲೆ, ಕಳೆದ ವರ್ಷ ಒಂದು ಭಾನುವಾರ ಗೆಳತಿ, ಪರೀಕ್ಷೆಯ ಕೆಲಸವಿದೆ, ಆಟ ಬೇಡ ಎಂದಳು. ಉಳಿದಿಬ್ಬರಿಗೂ ಏನೇನೋ ಅಡಚಣೆ. ಹೇಗೂ ಬಿಡುವಾಯಿತೆಂದು ನಾನು ಲಗ್ನಪತ್ರಿಕೆಯ ಗಂಟು ಹೊತ್ತು ಕಿತ್ತೂರಿಗೆ ಹೋದೆ. ಗಿರಾಕಿಗೆ ಮುಟ್ಟಿಸಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಹಾಕ್ಕೆ ಕುಳಿತಾಗ ಮಹಡಿಯ ಸಭಾಂಗಣದಿಂದ ಗೆಳತಿಯ ದನಿ ಕೇಳಿಸಿತು. ನಮ್ಮ ಆಟದ ಲೋಕದ ಹೊಳೆಯನ್ನು ವರ್ಣಿಸುತ್ತಿದ್ದಳು, ಆ ಕೆಂಪು ನೀರು, ಆ ಹರಿಗೋಲು, ಎಲ್ಲ ನಾನು ಬರೆದ ಮಾತಿನಲ್ಲೇ.

ಮೇಲೆ ಹೋದೆ. ಧಾರವಾಡ, ಬೆಳಗಾವಿಯಿಂದ ಬಂದ ಹೊಸ ಜನ, ನಮ್ಮ ಚಷ್ಮಾದವರು, ಚಿಕ್ಕಪ್ಪನ ಮಗ. ಮೇಜಿನ ಮೇಲೆ ನಮ್ಮ ನಕಾಶೆ. ಅದರ ಸುತ್ತ ಬಣ್ಣದ ಚೀಟಿಗಳು, ಅಚ್ಚು ಬೇರೆ ಅಂಗಡಿಯದು, ಅಂಚಿನಲ್ಲಿ ಮಸಿ ಒಡೆದಿತ್ತು. ಒಂದೊಂದು ಚೀಟಿಗೆ ಒಂದೊಂದು ಮನೆತನ. ಕೋಟೆಯ ಮನೆತನಕ್ಕೆ ಆಳುವ ಗುಣ, ಪೇಟೆಯ ಮನೆತನಕ್ಕೆ ಲೆಕ್ಕದ ಜಾಣತನ. ಕೊನೆಯ ಚೀಟಿ 'ಹೊರಗಿನವರು'. ಅವರು ಕೋಟೆಯ ಬಾವಿಯ ಹತ್ತಿರ ಬರುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗೆಳತಿ ನನ್ನನ್ನು ಕಂಡು ಎದ್ದು ಹೊರಗಿನ ಗ್ಯಾಲರಿಗೆ ಕರೆತಂದಳು. ಬರುತ್ತೀ ಎಂದು ಹೇಳಿದ್ದರೆ ತಾನೇ ಕರೆದುಕೊಂಡು ಬರುತ್ತಿದ್ದೆ ಎಂದಳು. ಪರೀಕ್ಷೆ ಮುಗಿಯಿತೇ ಎಂದೆ. ಹೊಸಬರಿಗೆ ಎಲ್ಲರೂ ಸಮ ಎಂದರೆ ರುಚಿ ಹತ್ತುವುದಿಲ್ಲ, ಎಲ್ಲ ಆಟಗಳಲ್ಲೂ ಕುಲ ಇರುತ್ತದೆ, ಅದಕ್ಕೆ ಸ್ವಲ್ಪ ತಿದ್ದಿದ್ದೇನೆ ಎಂದು ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಬಿಡಿಸಿ ಹೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಹೊರಗಿನವರಿಗೆ ಎಲ್ಲಾರಕಿಂತ ಹೆಚ್ಚಿಗಿ ಶಕ್ತಿ ಕೊಟ್ಟೇನಿ ನೋಡು. ನಿಮ್ಮ ಮಂದೀಗೆ ಏನೂ ಕಮ್ಮಿ ಮಾಡಿಲ್ಲ."

ನಿಮ್ಮ ಮಂದಿ. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಎಷ್ಟೋ ವರ್ಷ ಬಳಸಿದ ಮಾತಿನಂತೆ ಅದು ಸಲೀಸಾಗಿ ಹೊರಬಂದಿತ್ತು. ತೊರಗಲ್‌ನಲ್ಲಿ ಅಜ್ಜನಿಗೆ ನಾನು ಹೇಳಿದ ಮೇಲೆಯೇ ನಿನಗೆ ಗೊತ್ತಾಗಿದ್ದು ಎಂದುಕೊಂಡಿದ್ದೆ ಎಂದೆ.

"ಹಾಸ್ಟೆಲಿಗೆ ಬಂದ ದಿನಾನ ಗೊತ್ತಿತ್ತು," ಎಂದಳು. "ಅದಕ್ಕ ನಾ ಎಂದೂ ಕೇಳಲಿಲ್ಲ."

ಅವಳು ಕೆಟ್ಟವಳಲ್ಲ, ಅದೇ ದೊಡ್ಡ ಕಷ್ಟ. ಮೆತ್ತಗೆ, ನನಗೆ ನೋವಾಗದಂತೆ ಎಲ್ಲ ಹೇಳಿದಳು. ತೊರಗಲ್‌ನಿಂದ ಮರಳುವಾಗ ನಾನು ನೇಸರಗಿಯ ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿದ್ದೆನಂತೆ. ಆಗ ಮೂವರೂ ಮಾತಾಡಿಕೊಂಡರಂತೆ. ಪಾಪ, ಆ ಅಜ್ಜ ಹಾಗೆ ಮಾಡಿದ್ದು ನನ್ನ ಮನಸ್ಸಿಗೆ ಹತ್ತಿದೆ, ನಾನು ಹೇಳಿದ ನಿಯಮ ಇರಲಿ, ಬೇಡ ಎನ್ನುವುದು ಬೇಡ ಎಂದು. ಚಷ್ಮಾದವರು ನಾಲಿಗೆ ಕಳೆದುಕೊಂಡಾಗಲೆಲ್ಲ ನಾನು ಅಷ್ಟು ನಗುತ್ತಿದ್ದೆನಲ್ಲ, ಅದನ್ನು ನೋಡಿ ಅವರಿಗೂ ಸಮಾಧಾನವಾಗುತ್ತಿತ್ತಂತೆ.

ಹಾಗಾದರೆ ಆ ಲೋಕದಲ್ಲಿ ಇದ್ದವಳು ನಾನೊಬ್ಬಳೇ. ಉಳಿದವರು ರೋಗಿಯನ್ನು ನೋಡಲು ಬಂದವರಂತೆ ಬಂದು ಕುಳಿತು ಹೋಗುತ್ತಿದ್ದರು. ಒಬ್ಬಳ ಲೋಕವನ್ನು ಕದ್ದರೆ ಜಗಳಾಡಬಹುದು. ಕರುಣೆಯಿಂದ ಮಾಡಿದ ಮೋಸಕ್ಕೆ ಏನು ಮಾಡುವುದು, ನನಗೆ ಇವತ್ತಿಗೂ ತಿಳಿದಿಲ್ಲ.

"ನಿನ್ನ ಸಲುವಾಗಿ ಅಷ್ಟ ವರ್ಷ ಹಂಗ ಆಡಿದ್ವಿ," ಎಂದಳು.

"ನಾ ಆ ನಿಯಮಾ ಮಾಡಿದ್ದು ನಿನ್ನ ಸಲುವಾಗಿ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಸಿಟ್ಟಿನಲ್ಲಿ ಏನೋ ಅಂದೆನೆಂದುಕೊಂಡು, ಬಿಸಿಲಿನಲ್ಲಿ ಬಂದಿದ್ದೀ, ಒಳಗೆ ಬಂದು ನೀರು ಕುಡಿ ಎಂದಳು.