ತೂಕದ ದತ್ತಪ್ಪನ ಕಾರು

2023ರ ನವೆಂಬರ್ 14, ಮಂಗಳವಾರ, ಬಲಿಪಾಡ್ಯಮಿ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಆಳಂದದ ನಮ್ಮ ಓಣಿಯೊಳಗೆ ಬಿಳಿಯ ಕಾರೊಂದು ಬಂದು ದತ್ತಪ್ಪನ ಮನೆಯ ಮುಂದೆ ನಿಂತಿತು. ಹಬ್ಬಕ್ಕೆ ಯಾರೋ ಬೀಗರು ಬಂದಿರಬೇಕೆಂದು ತಿಳಿದೆ. ಆದರೆ ಚಾಲಕನ ಬಾಗಿಲು ತೆರೆದು ಇಳಿದವನು ದತ್ತಪ್ಪನೇ. ಅವನ ಹೆಂಡತಿ ಹೀರಾಬಾಯಿ ಕಾಯಿ ಒಡೆದು, ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣು ಇಟ್ಟಳು. ಕಾರು ಹೊಸದಲ್ಲ, ಎಡಗಡೆಯ ಬಾಗಿಲಿನ ಬಿಳುಪು ಉಳಿದ ಮೈಯ ಬಿಳುಪಿಗೆ ಹೊಂದುತ್ತಿರಲಿಲ್ಲ. ಆದರೂ ಕಾರು ಕಾರೇ. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: “ದತ್ತಪ್ಪನಿಗೆ ಕಾರು. ಹೇಗೆ?”

ಈ ಪ್ರಶ್ನೆ ಏಕೆ ಎದ್ದಿತೆಂದು ತಿಳಿಯಬೇಕಾದರೆ ದತ್ತಪ್ಪ ಯಾರೆಂದು ತಿಳಿಯಬೇಕು. ಅವನು ಹುಟ್ಟಿದ್ದು 1970ರ ದತ್ತ ಜಯಂತಿಯಂದು, ಹೆಸರು ಬಂದದ್ದು ಅದರಿಂದಲೇ. ಶಾಲೆಯ ದಾಖಲೆಯಲ್ಲಿ ಮಾತ್ರ, ಅಂದಿನ ಗುರುಗಳು ಎಲ್ಲ ಮಕ್ಕಳಿಗೂ ಬರೆಯುತ್ತಿದ್ದಂತೆ, ಜೂನ್ ಒಂದು ಎಂದಿದೆ. ಏಳನೆಯ ತರಗತಿಯಲ್ಲಿ ಅವನಿಗೆ ಗಣಿತ ಕಲಿಸಿದವನು ನಾನು. ಗುಣಾಕಾರದಲ್ಲಿ ಜಾಣ, ಭಾಗಾಕಾರದಲ್ಲಿ ಸಾಧಾರಣ. 1993ರ ಜನವರಿಯಲ್ಲಿ ಅವನು ಆಳಂದದ ಕೃಷಿ ಮಾರುಕಟ್ಟೆಯಲ್ಲಿ, ಅಂದರೆ ನಮ್ಮವರು ‘ಗಂಜ್’ ಎನ್ನುವ ಅಂಗಳದಲ್ಲಿ, ಲೈಸನ್ಸ್ ಪಡೆದ ತೂಕದಾರನಾದ. ಅದೇ ತಿಂಗಳ 26ರಂದು ಒಂದು ಕಪ್ಪು ಸೈಕಲ್ ಕೊಂಡ. ಮುಂದಿನ ಮೂವತ್ತು ವರ್ಷ ರೈತರ ತೊಗರಿ, ಜೋಳ, ಕಡಲೆ ಅವನ ತೂಕದ ಕಾಂಟಾದ ಮೇಲೆ ಏರಿ ಇಳಿದವು. ಮೊದಲ ಚೀಲಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಆರಂಭಿಸುವ ಹಿರಿಯರ ವಾಡಿಕೆಯನ್ನು ಅವನು ಎಲೆಕ್ಟ್ರಾನಿಕ್ ಕಾಂಟಾ ಬಂದ ಮೇಲೂ ಬಿಡಲಿಲ್ಲ.

ಗಂಜಿನಲ್ಲಿ ತೂಕದಾರರು ಇನ್ನೂ ಮೂವರಿದ್ದರು. ರೈತರು ಸಾಲುಗಟ್ಟುತ್ತಿದ್ದದ್ದು ದತ್ತಪ್ಪನ ಮುಂದೆ. ಕಾರಣ ಕೇಳಿದರೆ ಅವರು ಅವನ ಕಾಂಟಾವನ್ನು ತೋರಿಸುತ್ತಿರಲಿಲ್ಲ, ಗೋಡೆಗೆ ಒರಗಿದ ಸೈಕಲ್ಲನ್ನು ತೋರಿಸುತ್ತಿದ್ದರು. ಇಷ್ಟು ವರ್ಷ ತೂಗಿಯೂ ಸೈಕಲ್ ತುಳಿಯುವವನ ಕೈ ಶುದ್ಧವಾಗಿಯೇ ಇರಬೇಕೆಂಬುದು ಅವರ ಲೆಕ್ಕ.

ನಮ್ಮ ಓಣಿಯ ಲೆಕ್ಕ ಬೇರೆ. 1993ರಲ್ಲಿ ಇಲ್ಲಿ ಹದಿನಾಲ್ಕು ಮನೆಗಳಲ್ಲಿ ಸೈಕಲ್ ಇದ್ದವು, ಈಗ ಮೂರರಲ್ಲಿ. ಕಾರುಗಳು ಒಂಬತ್ತು. ಅವುಗಳಲ್ಲಿ ಆರು ವಾರಕ್ಕೊಮ್ಮೆಯೂ ಅಲುಗುವುದಿಲ್ಲ. ಏಳೆಂಟು ಸಾವಿರದ ಸೈಕಲ್ಲಿಗೆ ಗಾಳಿ ಸಾಕು. ಕಾರಿಗೆ ವಿಮೆ, ಎಣ್ಣೆ, ಟಾಯರು, ಮೇಲೊಂದು ಹೊದಿಕೆ. ಹೀಗಿದ್ದೂ ಹೆಣ್ಣು ಕೊಡುವವರು, ಹೆಣ್ಣು ಕೇಳುವವರು ಮೊದಲು ನೋಡುವುದು ಅಂಗಳದಲ್ಲಿ ಏನು ನಿಂತಿದೆ ಎಂಬುದನ್ನು. ಆದ್ದರಿಂದ ಬೇರೆ ಯಾರು ಕಾರು ತಂದರೂ ನಾನು ಅಚ್ಚರಿಪಡುತ್ತಿರಲಿಲ್ಲ. ತೂಕದಾರ ತಂದದ್ದಕ್ಕೆ ಅನುಮಾನಪಟ್ಟೆ.

ಗಂಜಿನ ಬಾಗಿಲಿನಿಂದ ಎರಡು ಫರ್ಲಾಂಗು ಈಚೆಗೆ ಖಾಜಾನ ಸೈಕಲ್ ದುರಸ್ತಿ ಅಂಗಡಿಯಿದೆ. ಸಂಜೆ ಅಲ್ಲಿಯ ಬೆಂಚಿನ ಮೇಲೆ ನಾನೂ ವಾಹನ ವಿಮೆ ಮಾಡಿಸುವ ಶ್ರೀರಂಗನೂ ಕೂಡುತ್ತೇವೆ. ಡಿಸೆಂಬರ್ 6ರಂದು ಶ್ರೀರಂಗ ನನ್ನ ಕಡೆಗೆ ಸರಿದ.

“ಸರ, ಒಂದು ಮಾತು ಹೇಳ್ತೇನಿ, ಹೊರಗ ಬಿಡಬ್ಯಾಡ್ರಿ. ಕಾರು ದತ್ತಪ್ಪನ ಹೆಸರ್ಲೆ ಇಲ್ಲ. ಹೆಂಡ್ತಿ ಹೆಸರ್ಲೆ ಅದಾ.”

“ಹೆಂಡ್ತಿ ಹೆಸರ್ಲೆ ಯಾಕ?”

“ಅದನ್ನ ನೀವ ತಿಳ್ಕೋರಿ. ನ್ಯಾಯದ ರೊಕ್ಕ ಇದ್ರ ತನ್ನ ಹೆಸರ್ಲೆ ತಗೋತಿದ್ದಿಲ್ಲೇನು?”

ನೀರಿನ ಬೋಗುಣಿಯಲ್ಲಿ ಟ್ಯೂಬು ಅದ್ದಿ ಪಂಕ್ಚರ್ ಹುಡುಕುತ್ತಿದ್ದ ಖಾಜಾ ತಲೆ ಎತ್ತದೆಯೇ ಹೇಳಿದ: “ಶ್ರೀರಂಗಣ್ಣಾ, ನಿನ್ನ ಕಾರೂ ನಿಂದಲ್ಲಲ್ಲೋ ಮಾರಾಯಾ, ಬ್ಯಾಂಕಿಂದು. ಅದನ್ಯಾರಿಗಿ ಹೇಳಬೇಕು?”

ನಾನು ನಗಲಿಲ್ಲ. ಹೆಂಡತಿಯ ಹೆಸರಿನಲ್ಲಿ ಕೊಳ್ಳುವವನು ಬಚ್ಚಿಡಬೇಕಾದದ್ದನ್ನು ಇಟ್ಟುಕೊಂಡವನೇ ಎಂದು ತೀರ್ಮಾನಿಸಿದೆ. ಮರುದಿನದಿಂದ ಬೆಳಗಿನ ವಾಯುವಿಹಾರದ ವೇಳೆಯನ್ನು ಅರ್ಧ ಗಂಟೆ ಮುಂಚೆಗೆ ಸರಿಸಿದೆ. ಡಿಸೆಂಬರ್ 9, 12 ಮತ್ತು 16ರಂದು, ಮೂರು ಸಲವೂ ಆರು ಗಂಟೆಗೆ ಮೊದಲು, ಗಂಡಹೆಂಡಿರು ಬಿಳಿಯ ಬಟ್ಟೆ ಮುಚ್ಚಿ ಬಿಗಿದ ದೊಡ್ಡ ಬುಟ್ಟಿಗಳನ್ನು ಕಾರಿನ ಹಿಂದಿನ ಸೀಟಿಗೆ ಏರಿಸುವುದನ್ನು ಕಂಡೆ. ಕಾರು ಒಂದು ಸಲ ಅಫಜಲಪುರದ ಕಡೆಗೆ ಹೋಯಿತು. ಆಳಂದದಲ್ಲಿ ಕದ್ದ ತೊಗರಿಯನ್ನು ಬೇರೆ ಊರಿನಲ್ಲಿ ಮಾರುವವರು ಹೀಗಲ್ಲದೆ ಇನ್ನು ಹೇಗೆ ಸಾಗಿಸುತ್ತಾರೆ?

ಸಂಶಯಕ್ಕೆ ಅಂಕಿಯ ಆಧಾರ ಸಿಕ್ಕಿದ್ದು ಹೊಸ ವರ್ಷದಲ್ಲಿ. ಹಿರೋಳ್ಳಿಯಲ್ಲಿ ನನಗೆ ಆರು ಎಕರೆ ಹೊಲವಿದೆ, ಪಾಲಿಗೆ ಕೊಟ್ಟಿದ್ದೇನೆ. 2024ರ ಜನವರಿ 9, ಮಂಗಳವಾರ, ನನ್ನ ಪಾಲಿನ ಹತ್ತು ಚೀಲ ತೊಗರಿಯನ್ನು ಅಲ್ಲಿಯ ಗಿರಣಿಯಲ್ಲಿ ತೂಗಿಸಿದೆ: ಐನೂರ ಹನ್ನೆರಡು ಕಿಲೋ. ಚೀಲಗಳನ್ನು ಆಳಂದದ ಮನೆಯಲ್ಲಿರಿಸಿ, ಫೆಬ್ರವರಿ 2ರಂದು ಗಂಜಿಗೆ ಒಯ್ದೆ. ದತ್ತಪ್ಪ ಎಂದಿನಂತೆ ‘ಲಾಭ’ ಎಂದು ಆರಂಭಿಸಿ ಹತ್ತೂ ಚೀಲ ತೂಗಿದ.

“ನಾಕನೂರಾ ತೊಂಬತ್ತೈದು ಕಿಲೋ ಆತ್ರಿ ಸರ.”

“ಐನೂರಾ ಹನ್ನೆರಡು ಆಗಬೇಕಾಗಿತ್ತು.”

“ಮತ್ತೊಮ್ಮಿ ತೂಗ್ಲೇನ್ರಿ?”

“ಅದೇ ಕಾಂಟಾ ಮ್ಯಾಲ ನೂರು ಸಲ ತೂಗಿದ್ರೂ ಅಷ್ಟೇ ಬರ್ತದ, ದತ್ತಪ್ಪ.”

ನನ್ನ ಹಿಂದೆ ನಿಂತಿದ್ದ ರೈತರು ಮುಂದೆ ಸರಿದರು. ದತ್ತಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದ: “ಸರ, ನೀವು ನನಗ ಲೆಕ್ಕ ಕಲಿಸಿದವ್ರು. ನೀವ ಹಿಂಗ ಅಂದ್ರ ಉಳಿದವ್ರು ಏನಂದಾರ್ರಿ?”

ಉಳಿದವರು ಅನ್ನಲು ತಡಮಾಡಲಿಲ್ಲ. “ಮಾಸ್ತರದೇ ಹದಿನೇಳು ಕಿಲೋ ಹೊಡದಾನಂದ್ರ ನಮ್ಮದೆಷ್ಟು ಹೊಡದಿರಬೇಕಲೇ!” ಎಂದನೊಬ್ಬ. ಮತ್ತೊಬ್ಬ, “ಕಾರಿಗಿ ಎಣ್ಣಿ ಬ್ಯಾಡೇನು? ಲಾಭ ಲಾಭ ಅಂತಾನಲ್ಲ, ಯಾರಿಗಿ ಅಂತ ಇವತ್ತ ತಿಳೀತು ನೋಡು” ಎಂದ. ಮೂವರು ಅಲ್ಲಿಯೇ ತಮ್ಮ ಚೀಲಗಳನ್ನು ಪಕ್ಕದ ಕಾಂಟಾಕ್ಕೆ ಹೊರಿಸಿದರು.

ಫೆಬ್ರವರಿ 5, ಸೋಮವಾರ, ನಾನು ಮಾರುಕಟ್ಟೆ ಸಮಿತಿಗೆ ಎರಡು ಪುಟದ ದೂರು ಬರೆದೆ. ತಾರೀಖುಗಳನ್ನೂ ತೂಕಗಳನ್ನೂ ಬುಟ್ಟಿಗಳನ್ನೂ ಕಾರಿನ ನಂಬರನ್ನೂ ಕ್ರಮವಾಗಿ ನಮೂದಿಸಿದೆ. ಮಾರ್ಚ್ 31ಕ್ಕೆ ದತ್ತಪ್ಪನ ಲೈಸನ್ಸ್ ಮುಗಿಯುವುದಿತ್ತು. ದೂರು ನಿಜವೆಂದಾದರೆ ನವೀಕರಣವಿಲ್ಲ. ಮೂವತ್ತು ವರ್ಷದ ಕೆಲಸವೂ ಹೆಸರೂ ಒಂದೇ ದಿನ ಹೋಗುತ್ತವೆ. ಇದು ಗೊತ್ತಿದ್ದೇ ಸಹಿ ಮಾಡಿದೆ.

ಫೆಬ್ರವರಿ 12ರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರ ಎದುರಿನಲ್ಲಿ ಪರೀಕ್ಷೆ ನಡೆಯಿತು. ಅಳತೆ ಮತ್ತು ತೂಕದ ಅಧಿಕಾರಿ ಮುದ್ರೆಯೊತ್ತಿದ ಇಪ್ಪತ್ತು ಕಿಲೋದ ಕಬ್ಬಿಣದ ಗುಂಡುಗಳನ್ನು ತಂದಿದ್ದರು. ಮೊದಲನೆಯದನ್ನು ಕಾಂಟಾದ ಮೇಲೆ ಇಟ್ಟಾಗ ದತ್ತಪ್ಪ ಅಭ್ಯಾಸಬಲದಿಂದ “ಲಾಭ” ಎಂದುಬಿಟ್ಟ. ಕೆಲವರು ನಕ್ಕರು; ಅವನು ತುಟಿ ಕಚ್ಚಿಕೊಂಡ. ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು, ನೂರು. ಕಾಂಟಾ ಹತ್ತು ಗ್ರಾಮಿನಷ್ಟೂ ತಪ್ಪಲಿಲ್ಲ. ಅಧಿಕಾರಿ ಸರಿಯಿದೆ ಎಂದು ಬರೆದುಕೊಟ್ಟರು. “ಇವತ್ತಿನ ಮಟ್ಟಿಗಿ ಸರಿ ಮಾಡಿಟ್ಟಾನ್ರಿ” ಎಂದು ಗುಂಪಿನಿಂದ ಒಂದು ದನಿ ಬಂತು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಮನೆಗೆ ಬಂದು ನನ್ನ ಹೆಂಡತಿ ಲೀಲಾಬಾಯಿಗೆ ಹೇಳಿದೆ: “ಕಾಂಟಾ ಸರಿ ಅದಾ ಅಂತ. ಹಂಗಾದ್ರ ನನ್ನ ಹದಿನೇಳು ಕಿಲೋ ಎಲ್ಲಿ ಹೋತು?”

ಅವಳು ಚಹಾ ಸೋಸುತ್ತಿದ್ದಳು. “ಬಿಸಲು ತಿಂತು.”

“ಅಂದ್ರ?”

“ತೊಗರಿ ಹಸೀ ಇತ್ತು, ಬೂಸಲು ಹತ್ತಾಕತ್ತಿತ್ತು. ನೀವು ಜೇವರ್ಗಿಗಿ ಹೋದಾಗ ಮಾಳಿಗಿ ಮ್ಯಾಲ ಹರವಿಸಿ ನಾಕು ದಿವ್ಸ ಒಣಗಿಸಿ, ಮತ್ತ ಚೀಲ ತುಂಬಿಸೀನಿ. ತೂಕ ಇಳೀಲಾರ್ದ ಏರ್ತದೇನು?”

“ನನಗ ಯಾಕ ಹೇಳಲಿಲ್ಲ?”

“ನೀವು ನನ್ನ ಕೇಳೀರೇನು? ನೀವು ಏನಿದ್ರೂ ಡೈರಿ ಕೇಳ್ತೀರಿ.”

ದಿನಚರಿ ತೆಗೆದು ನೋಡಿದೆ. ಜನವರಿ 12ರಿಂದ 17ರವರೆಗೆ ಜೇವರ್ಗಿಯಲ್ಲಿ ತಂಗಿಯ ಮನೆಯಲ್ಲಿದ್ದೆನೆಂದು ನನ್ನ ಕೈಬರಹದಲ್ಲಿಯೇ ಇತ್ತು. ಹಸಿಯ ತೊಗರಿಯನ್ನು ಒಂದು ತಾರೀಖಿಗೆ, ಒಣಗಿದ್ದನ್ನು ಇನ್ನೊಂದು ತಾರೀಖಿಗೆ ತೂಗಿ, ನಡುವಿನ ಬಿಸಿಲನ್ನು ಕಳೆಯದೆ ಒಬ್ಬನನ್ನು ಕಳ್ಳನೆಂದಿದ್ದೆ. ಏಳನೆಯ ತರಗತಿಯ ಹುಡುಗನಾದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆದರೂ ಕಾರು ಉಳಿಯಿತಲ್ಲ! ಬುಟ್ಟಿಗಳು ಉಳಿದವಲ್ಲ! ಫೆಬ್ರವರಿ 13ರ ಸಂಜೆ ದತ್ತಪ್ಪನ ಮನೆಗೆ ಹೋದೆ. ಕ್ಷಮೆ ಕೇಳಲು ಅರ್ಧ, ವಿಚಾರಿಸಲು ಅರ್ಧ. ಬೀಗ ಹಾಕಿತ್ತು. ಹಿಂದಿನ ಓಣಿಯ ಹುಸೇನಬೀಯ ಅಂಗಳದಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಅತ್ತ ಹೋದೆ. ತಗಡಿನ ನೆರಳಿನಲ್ಲಿ ಎಂಟು ಜನ ಹೆಂಗಸರು, ಸಾಲು ಒಲೆಗಳು, ಗೋಡೆಗೆ ಒರಗಿಸಿ ನಿಲ್ಲಿಸಿದ ಜೋಳದ ಖಡಕ್ ರೊಟ್ಟಿಗಳು. ಮೂಲೆಯಲ್ಲಿ ಅವೇ ಬುಟ್ಟಿಗಳು, ಅದೇ ಬಿಳಿಯ ಬಟ್ಟೆ.

“ಬರ್ರಿ ಸರ,” ಹೀರಾಬಾಯಿ ಹಿಟ್ಟಿನ ಕೈಯಲ್ಲೇ ಎದ್ದಳು. “ಕಳವಿನ ಮಾಲು ನೋಡಾಕ ಬಂದೀರೇನು?”

“ಹಂಗಲ್ಲವಾ...”

“ಒಂದು ಬುಟ್ಟಿ ಬಿಚ್ಚಿ ತೋರ್ಸಬೇ,” ಎಂದಳು ಹುಸೇನಬೀ, ಒಲೆಗೆ ಕಟ್ಟಿಗೆ ನೂಕುತ್ತ. “ಎಣಿಸಿ ಬರ್ಕೊಂಡು ಹೋಗ್ಲಿ. ತಾರೀಖ ಬೇಕಂದ್ರ ಅದೂ ಹೇಳೋಣು.” ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಹೀರಾಬಾಯಿ ನಾಲ್ಕು ಮನೆಗೆ ರೊಟ್ಟಿ ಮಾಡಿಕೊಡುತ್ತಾಳೆಂದಷ್ಟೇ ನನಗೆ ಗೊತ್ತಿತ್ತು. ಅಫಜಲಪುರ, ಜೇವರ್ಗಿಗಳ ಐದು ಖಾನಾವಳಿಗಳಿಗೆ ದಿನ ಬಿಟ್ಟು ದಿನ ಸಾವಿರ ರೊಟ್ಟಿ ಹೋಗುತ್ತವೆಂದು ಗೊತ್ತಿರಲಿಲ್ಲ.

“ಮೊದಲು ಇವ್ರ ಸೈಕಲ್ಲಿಗಿ ಬುಟ್ಟಿ ಕಟ್ಟಿ ಬಸ್‌ಸ್ಟ್ಯಾಂಡಿಗಿ ಒಯ್ತಿದ್ವಿ,” ಎಂದಳು ಹೀರಾಬಾಯಿ. “ಸೈಕಲ್ ಮ್ಯಾಲ ಅರ್ಧ, ಬಸ್ಸಿನ್ಯಾಗ ಅರ್ಧ, ಅಫಜಲಪುರ ಮುಟ್ಟೋದ್ರಾಗ ನೂರಕ್ಕ ಮೂವತ್ತು ಮುರೀತಿದ್ವು. ಖಡಕ್ ರೊಟ್ಟಿ ಮುರದ್ರ ಯಾರು ತಗೋತಾರ್ರಿ? ಜೇವರ್ಗಿ ಖಾನಾವಳಿಯವ ಎರಡು ವರ್ಷ ನನ್ನ ಬಾಗಲ್ದಾಗ ನಿಂದ್ರಿಸಿ ಮಾತಾಡ್ದ. ಕಾರಿನ್ಯಾಗ ಹೋದ ದಿವ್ಸ ಕುರ್ಚಿ ಹಾಕ್ಸಿದ, ಚಾ ತರ್ಸಿದ, ಅಕ್ಕೋರೆ ಅಂದ. ರೊಟ್ಟಿ ಅವೇ, ಕೈ ಇದೇ.”

“ಕಾರು ನಿನ್ನ ಹೆಸರ್ಲೆ...”

“ನಾ ತಗೊಂಡೀನಿ, ನನ್ನ ಹೆಸರ್ಲೆ ಅದಾ. ಅದ್ರಾಗ ತಿಳೀಲಾರದ್ದೇನದಾ?” ಆಮೇಲೆ ಅವಳ ದನಿ ಇಳಿಯಿತು. “ಇವ್ರ ಲೈಸನ್ಸ್ ಹೋದ್ರ ಹೋಗ್ಲಿ, ನಾ ಸಾಕ್ತೇನಿ. ಆದ್ರ ಕಳ್ಳ ಅನಿಸ್ಕೊಂಡ ಗಂಡಸು ಮನ್ಯಾಗ ಹೆಂಗ ಕುಂದ್ರಬೇಕ್ರಿ ಸರ? ಎಂಟು ದಿವ್ಸ ಆತು, ಸರೀಗಿ ಉಂಡಿಲ್ಲ.”

ಫೆಬ್ರವರಿ 14ರಂದು ಮೂರು ಪುಟದ ಪತ್ರ ಬರೆದು ದೂರನ್ನು ಹಿಂತೆಗೆದುಕೊಂಡೆ. ದೂರಿಗಿಂತ ತಪ್ಪೊಪ್ಪಿಗೆ ಒಂದು ಪುಟ ಹೆಚ್ಚಾಯಿತು. ಸಮಿತಿಯವರು ಅದನ್ನು ಅಂಗಳದಲ್ಲಿ ಓದಿಸಿದರು. ಮಾರ್ಚ್ 22ರಂದು ಲೈಸನ್ಸ್ ನವೀಕರಣವಾಯಿತು. ಆದರೆ ಕಾಗದ ಒಪ್ಪಿದರೆ ಸಾಕೆ, ರೈತ ಒಪ್ಪಬೇಕಲ್ಲ? ದತ್ತಪ್ಪನ ಕಾಂಟಾ ಖಾಲಿ ಬಿದ್ದಿತ್ತು, ಪಕ್ಕದವನ ಮುಂದೆ ಸಾಲು. “ಮಾಸ್ತರಗ ಏನೋ ಕೊಟ್ಟು ಬಾಯಿ ಮುಚ್ಚಿಸ್ಯಾನ” ಎಂಬ ಮಾತು ನನ್ನ ಕಿವಿಗೂ ಬಿತ್ತು. ಯಾರು ಆಡಿದರೆಂದು ತಿಳಿಯಲು ನಾಲ್ಕು ದಿನ ತಿರುಗಿದೆ, ತಿಳಿಯಲಿಲ್ಲ.

ಏಪ್ರಿಲ್ 3ರ ಬೆಳಿಗ್ಗೆ ಅಂಗಡಿಯಲ್ಲಿ ನಾನೂ ಖಾಜಾನೂ ಇದ್ದೆವು. ಬ್ರೇಕು ಬದಲಿಸಲು ಬಿಟ್ಟಿದ್ದ ದತ್ತಪ್ಪನ ಕಪ್ಪು ಸೈಕಲ್ ನವೆಂಬರಿನಿಂದಲೂ ಅಲ್ಲಿಯೇ ಇತ್ತು. ಕಾರನ್ನು ನೆರಳಿಗೆ ನಿಲ್ಲಿಸಿ ಇಳಿದ ದತ್ತಪ್ಪ, ಮೊದಲಿಗಿಂತ ಸೊರಗಿದ್ದವನು, ಬೆಂಚಿನ ಮೇಲೆ ಕೂತ.

ಖಾಜಾ ನನ್ನನ್ನೇ ನೋಡುತ್ತ ಕೇಳಿದ: “ಸೈಕಲ್ ಮ್ಯಾಲ ಬಂದ್ರ ಗರೀಬ ಅಂತ ಬಾಗಲ್ದಾಗ ನಿಂದ್ರಸ್ತಾರ. ಕಾರಿನ್ಯಾಗ ಬಂದ್ರ ಚೋರ್ ಅಂತಾರ. ಮನಷ್ಯಾ ಹೆಂಗ ಬರಬೇಕ್ರಿ ಸರ, ಹಾರ್ಕೊಂತ?”

ಖಾಜಾ ಎದ್ದು ಸೈಕಲ್ಲಿನ ಧೂಳು ಒರೆಸಿ, ಗಾಳಿ ಹೊಡೆದು, ಹ್ಯಾಂಡಲ್ಲನ್ನು ದತ್ತಪ್ಪನ ಕೈಗೆ ಕೊಟ್ಟ. “ಏಳಪಾ. ಕಾರ್ ಇಲ್ಲೇ ಇರ್ಲಿ, ನಾ ನೋಡ್ಕೋತೇನಿ. ಎರಡು ಫರ್ಲಾಂಗ್ ತುಳಿ.”

“ಇದು ಮೋಸ ಅಲ್ಲೇನೋ ಖಾಜಾ?”

“ನಿನ್ನ ಕಾಂಟಾ ಸರಿ ಅದಾ ಇಲ್ಲ?”

“ಅದಾ.”

“ಮತ್ತ ತುಳೀಲೇ.”

ಅವನು ತುಳಿದ. ವಾರದಲ್ಲಿ ಇಬ್ಬರು ಮರಳಿದರು, ತಿಂಗಳಲ್ಲಿ ಹತ್ತು ಜನ. “ಕಾರು ಮಾರಿದ್ನಂತ, ಪಾಪ” ಎಂಬ ಸುದ್ದಿ ತಾನಾಗಿ ಹುಟ್ಟಿತು. ಯಾರೂ ಹುಟ್ಟಿಸಲಿಲ್ಲ, ಯಾರೂ ಅಲ್ಲಗಳೆಯಲಿಲ್ಲ. ಆಗಸ್ಟಿನಲ್ಲಿ ಹೀರಾಬಾಯಿಯೇ ಚಾಲನೆಯ ಲೈಸನ್ಸ್ ಪಡೆದಳು. ಈಗ ಗಂಡನನ್ನು ಖಾಜಾನ ಅಂಗಡಿಯ ಮುಂದೆ ಇಳಿಸಿ, ಬುಟ್ಟಿಗಳೊಡನೆ ಜೇವರ್ಗಿಯ ಕಡೆಗೆ ಹೋಗುತ್ತಾಳೆ. ಅಲ್ಲಿಯ ಬಾಗಿಲಿಗೆ ಕಾರು ಬೇಕು, ಇಲ್ಲಿಯ ಬಾಗಿಲಿಗೆ ಸೈಕಲ್ ಬೇಕು.

2025ರ ಜನವರಿ 8, ಬುಧವಾರ, ನನ್ನ ಹೊಸ ತೊಗರಿಯೊಡನೆ ಗಂಜಿನಲ್ಲಿ ನಿಂತಿದ್ದೆ. ಆರು ದಿನ ಒಣಗಿಸಿದ್ದು, ತಾರೀಖು ಬರೆದುಕೊಂಡದ್ದು. ಪಕ್ಕದಲ್ಲಿ ಹಿರೋಳ್ಳಿಯ ಕಡೆಯ ರೈತನೊಬ್ಬ ತನ್ನ ಚೀಲಗಳ ಮೇಲೆ ಕೂತಿದ್ದ. ಬಾಗಿಲಲ್ಲಿ ಕಪ್ಪು ಸೈಕಲ್ಲಿನ ಗಂಟೆ ಕೇಳಿ ಅವನು ನನ್ನ ಮೊಣಕೈ ಮುಟ್ಟಿದ.

“ನೋಡ್ರಿ ಸರ, ಮೂವತ್ತೆರಡು ವರ್ಷ ಆತಂತ ತೂಗಾಕತ್ತು. ಇನ್ನೂ ಸೈಕಲ್ ಮ್ಯಾಲನೇ ಬರಾಕತ್ತಾನ. ಇಂಥವನ ಕಡೀನೇ ತೂಗಿಸಬೇಕು. ಹೌದಿಲ್ರಿ?”

ಮೂವತ್ತೊಂದು ವರ್ಷ ಹನ್ನೊಂದು ತಿಂಗಳು ಎಂದು ತಿದ್ದಬಹುದಾಗಿತ್ತು. ಖಾಜಾನ ಅಂಗಡಿಯ ಮುಂದೆ ಈಗಷ್ಟೇ ಅವನನ್ನು ಇಳಿಸಿಹೋದ ಬಿಳಿಯ ಕಾರಿನ ಮಾತನ್ನೂ ಹೇಳಬಹುದಾಗಿತ್ತು. ಅವನು ಉತ್ತರಕ್ಕೆ ಕಾಯುತ್ತಿದ್ದ.

“ಹೌದು,” ಎಂದೆ. “ಇವನ ಕಡೀನೇ ತೂಗ್ಸು.”

ದತ್ತಪ್ಪ ಸೈಕಲ್ಲನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಒರಗಿಸಿದ. ನನ್ನ ಮೊದಲ ಚೀಲವನ್ನು ಕಾಂಟಾದ ಮೇಲೆ ಇಡಿಸಿ, ನನ್ನ ಮುಖವನ್ನೊಮ್ಮೆ ನೋಡಿ, “ಲಾಭ” ಎಂದ.