ಮೂರನೆಯ ಅಳತೆ

ಟೈರು ಹೇಗೆ ಸವೆದಿದೆ ಎಂದು ತಿಳಿಯಲು ಅಣ್ಣ ಬಲ ಅಂಗೈ ಅಗಲಿಸಿ ಅದರ ಮೈಮೇಲೆ ಎಳೆಯುತ್ತಿದ್ದ. ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ. ಒಂದು ಕಡೆಗೆ ನುಣುಪಾಗಿ ಸಾಗಿ ಇನ್ನೊಂದು ಕಡೆಗೆ ಗರಗಸದ ಹಾಗೆ ತರಿತರಿ ತಗುಲಿದರೆ ಆ ಚಕ್ರ ನೇರ ಇಲ್ಲವೆಂದು ಅರ್ಥ. ವರ್ಷಗಟ್ಟಲೆ ಹಾಗೆ ಸವರಿ ಅವನ ಅಂಗೈಯ ಗೆರೆಗಳೊಳಗೆ ಕಪ್ಪು ಇಳಿದುಬಿಟ್ಟಿತ್ತು. ಸೀಗೆಪುಡಿ, ಸೀಮೆಎಣ್ಣೆ, ಮರಳು ಯಾವುದರಲ್ಲಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಬಿಳಿ ಅನ್ನದ ಮೇಲೆ ಆ ಕೈ ಕಂಡು ಅಮ್ಮ ಮುಖ ಸಿಂಡರಿಸಿದರೆ, "ಕೊಳೆ ಅಲ್ಲಮ್ಮ ಇದು, ಒಳಗಿಂದ್ಲೇ ಬಂದಿರೋ ಬಣ್ಣ" ಎನ್ನುತ್ತಿದ್ದ.

ಮೂಡಿಗೆರೆಯಿಂದ ಬಣಕಲ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವನ ಶೆಡ್ಡು. ಅದರ ಹಿಂದೆ ಯಾರೂ ಬಳಸದೆ ಬಿಟ್ಟಿದ್ದ ಕಾಫಿ ಒಣಗಿಸುವ ಸಿಮೆಂಟಿನ ಕಣ ಇತ್ತು. ಆ ಕಣಕ್ಕಾಗಿಯೇ ಅವನು ಆ ಜಾಗ ಹಿಡಿದದ್ದು. ಚಕ್ರ ಅಳೆಯಲು ನೆಲ ಸಮ ಇರಬೇಕು, ನಮ್ಮ ಕಡೆ ಸಮ ನೆಲ ಎಂದರೆ ಕಣವೊಂದೇ. ಅದಕ್ಕೂ ಮಳೆನೀರು ಹರಿದುಹೋಗಲು ಒಂದಿಷ್ಟು ವಾಟ ಇರುತ್ತದೆ. ಒಂದು ಕೊಡ ನೀರು ಸುರಿದು ಅದು ಯಾವ ಕಡೆಗೆ ಓಡುತ್ತದೆ ಎಂದು ಕುಕ್ಕರುಗಾಲಲ್ಲಿ ಕೂತು ನೋಡಿ, ತಗ್ಗಿನ ಕಡೆಯ ಚಕ್ರಗಳಡಿಗೆ ತಗಡಿನ ತುಂಡು ಇಡುತ್ತಿದ್ದ.

ಎಸ್ಟೇಟಿನ ಜೀಪುಗಳೇ ಅವನ ದಿನದ ಕೆಲಸ. ಒಂದು ಕಡೆ ಮಾತ್ರ ಸವೆದ ಟೈರು ಹಾಕಿಕೊಂಡು ಬಂದ, ತೋಟದ ಲೆಕ್ಕ ಬರೆಯುವ ರೈಟರುಗಳನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. "ಏನ್ ಮಾರಾಯ್ರೇ, ಟೈರ್ ಅಂಗಡಿಯವ್ರ ಮಗಳ ಮದುವೆಗೆ ನೀವೇ ಮುಯ್ಯಿ ಹಾಕ್ತಿದ್ದೀರಾ?" ಎಂದು ಕೇಳುತ್ತಿದ್ದ. ಅವರು ನಗುತ್ತಿದ್ದರು, ಮುಂದಿನ ತಿಂಗಳು ತಪ್ಪದೆ ಬರುತ್ತಿದ್ದರು.

ಅವನ ಹೆಸರು ದೂರದವರೆಗೆ ಹೋದದ್ದು ಮಾತ್ರ ರ್‍ಯಾಲಿ ಕಾರಿನಿಂದ. ನಮ್ಮ ತೋಟಗಳ ಮಣ್ಣು ರಸ್ತೆಗಳಲ್ಲಿ ಆಗಾಗ ರ್‍ಯಾಲಿ ನಡೆಯುತ್ತದೆ. ಹತ್ತಿರದ ಎಸ್ಟೇಟಿನ ಚಿಕ್ಕ ಧಣಿಗೆ ಅದರ ಹುಚ್ಚು. ಒಮ್ಮೆ ಅವರು ಒಂದು ಕೆಂಪು ಕಾರು ತಂದು ನಿಲ್ಲಿಸಿದರು. ಪಟ್ಟಣದಲ್ಲಿ ಕಂಪ್ಯೂಟರಿನಲ್ಲಿ ಅಲೈನ್‌ಮೆಂಟ್ ಮಾಡಿಸಿದ್ದರು, ಎಲ್ಲ ಸರಿ ಇದೆಯೆಂದು ಕಾಗದವೂ ಕೊಟ್ಟಿದ್ದರು. ಆದರೆ ತಿರುವಿನಲ್ಲಿ ಕಾರು ಹಿಡಿತಕ್ಕೇ ಸಿಗುತ್ತಿರಲಿಲ್ಲ. ಅಣ್ಣ ಚಪ್ಪಲಿ ಬಿಟ್ಟು ಧಣಿಯ ಪಕ್ಕದ ಸೀಟಿನಲ್ಲಿ ಕೂತ. ಬರಿಗಾಲನ್ನು ಕಾರಿನ ನೆಲಕ್ಕೆ ಒತ್ತಿಕೊಂಡು ತೋಟದ ರಸ್ತೆಯಲ್ಲಿ ಎರಡು ಸುತ್ತು ಹೋಗಿಬಂದ. ಇಳಿದವನೇ, "ಹಿಂದಿನ ಶಾಕ್ ಅಬ್ಸಾರ್ಬರ್ ಎರಡು ಕ್ಲಿಕ್ ಸಡಿಲ ಮಾಡ್ಬೇಕು ಧಣಿ. ಗುಂಡಿ ಬಂದಾಗ ಚಕ್ರ ಕೆಳಗಿಳೀತಿಲ್ಲ, ಗಾಳೀಲೇ ನಿಲ್ತಿದೆ. ನೆಲ ಮುಟ್ಟದ ಚಕ್ರ ತಿರುಗ್ಸಿ ಏನ್ ಮಾಡ್ತೀರಿ?" ಎಂದ. ಆ ಸಲ ಧಣಿ ಎರಡನೆಯವರಾಗಿ ಬಂದರು. ಆಮೇಲೆ ಆ ಕಾರಿಗೆ ಬೇರೆ ಯಾರ ಕೈಯೂ ತಾಗಲಿಲ್ಲ.

ನಾನು ಅವನ ಒಬ್ಬಳೇ ತಂಗಿ. ಏಳನೇ ಕ್ಲಾಸಿಗೆ ನನ್ನ ಓದು ಮುಗಿದಿತ್ತು. ಜಾವಳಿಗೆ ಮದುವೆ ಮಾಡಿಕೊಟ್ಟಿದ್ದರು. ಅಣ್ಣ ಮದುವೆಯಾಗಲಿಲ್ಲ, ಶೆಡ್ಡಿನ ಪಕ್ಕದ ಕೋಣೆಯಲ್ಲೇ ಇರುತ್ತಿದ್ದ. ಒಂದು ದಿನ ಅವನಿಗೆ ತಿಂಡಿ ಕೊಡಲು ಹೋದಾಗ, ಅವನು ಸ್ಟೀಲಿನ ಸ್ಕೇಲನ್ನು ಹಿಡಿದು ಹೆಬ್ಬೆರಳ ಉಗುರಿನಿಂದ ಅದರ ಗೆರೆಗಳನ್ನು ಒಂದೊಂದಾಗಿ ತಡವುತ್ತಿದ್ದ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಸ್ಕೇಲನ್ನು ನನ್ನ ಕೈಗಿಟ್ಟು, "ಯಾರಿಗೂ ಹೇಳ್ಬೇಡ. ಕೈ ಚೆನ್ನಾಗಿದೆ ನಂದು. ಗೆರೆ ಎಣಿಸೋಕೆ ಒಂದು ಜೊತೆ ಕಣ್ಣು ಬೇಕು ಅಷ್ಟೆ" ಎಂದ. ಮಾರನೆಯ ದಿನದಿಂದ ಬೆಳಗ್ಗೆಯ ಬಸ್ಸಿಗೆ ನಾನು ಶೆಡ್ಡಿಗೆ ಹೋಗತೊಡಗಿದೆ.

ಕೆಲಸ ಅವನೇ ಕಲಿಸಿದ. ಕೆಲವರು ಕಾಲ್ಬೆರಳು ಒಳಮುಖ ಮಾಡಿ ನಡೆಯುತ್ತಾರೆ, ಕೆಲವರು ಹೊರಮುಖ ಮಾಡಿ. ಕಾರಿನ ಮುಂದಿನ ಚಕ್ರಗಳೂ ಹಾಗೆ. ಎಷ್ಟು ಒಳಗೆ, ಎಷ್ಟು ಹೊರಗೆ ಎಂಬುದರ ಮೇಲೆ ಕಾರು ನೇರ ಓಡುವುದು, ತಿರುವು ಹಿಡಿಯುವುದು ನಿಂತಿದೆ. ಕಾರಿನ ಎರಡೂ ಬದಿಗೆ ಚಕ್ರದ ನಡುಮಟ್ಟದಲ್ಲಿ ದಾರ ಬಿಗಿದು, ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಎಂದು ಅಳೆಯಬೇಕು. ಅವೆರಡರ ವ್ಯತ್ಯಾಸವೇ ಲೆಕ್ಕ. ಅಣ್ಣ ಪ್ರತಿ ಚಕ್ರವನ್ನೂ ಮೂರು ಸಲ ಅಳೆಸುತ್ತಿದ್ದ. ಹೊಂದಿಸಿದ ಮೇಲೆ ಒಂದು ಸಲ, ಕಾರನ್ನು ಹಿಂದೆ ಮುಂದೆ ತಳ್ಳಿ ನಿಲ್ಲಿಸಿ ಇನ್ನೊಂದು ಸಲ, ನಟ್ಟು ಬಿಗಿ ಮಾಡಿದ ಮೇಲೆ ಮೂರನೆಯ ಸಲ. ನಟ್ಟು ಬಿಗಿಯುವಾಗ ಅದರ ಜೊತೆಗೆ ಚಕ್ರವನ್ನು ಒಳಕ್ಕೆ ಹೊರಕ್ಕೆ ಹೊಂದಿಸುವ ರಾಡೂ ತಿರುಗಿಬಿಡಬಹುದು, ಹಾಗಾಗಿ ಆ ಮೂರನೆಯದೇ ನಿಜವಾದ ಅಳತೆ ಎನ್ನುತ್ತಿದ್ದ.

ಎರಡು ವರ್ಷ ನಮ್ಮ ಗುಟ್ಟು ಹಾಗೇ ನಡೆಯಿತು. ನಾನು ಓದಿದ ಅಂಕಿ ತಪ್ಪಲಿಲ್ಲ. ಅವನ ಕೈಯೂ ತಪ್ಪಲಿಲ್ಲ.

ಆ ದಿನ ಮಧ್ಯಾಹ್ನ ಚಿಕ್ಕ ಧಣಿಯ ಕಾರು ಕಣದಲ್ಲಿತ್ತು. ಮಾರನೆಯ ಬೆಳಗ್ಗೆ ರ್‍ಯಾಲಿ. ಓಡುವಾಗ ಎಷ್ಟು ಭಾರ ಇರುತ್ತದೋ ಅಷ್ಟನ್ನೂ ಇಟ್ಟೇ ಅಳೆಯಬೇಕೆಂದು ಧಣಿಯನ್ನು ಸ್ಟೇರಿಂಗಿನ ಹಿಂದೆ ಕೂರಿಸಿ, ಪಕ್ಕದ ಸೀಟಿಗೆ, ಅಲ್ಲಿ ಕೂರುವವನ ಬದಲು, ಸಿಪ್ಪೆ ಸಮೇತ ಒಣಗಿದ ಚೆರಿ ಕಾಫಿಯ ಮೂಟೆ ಹೊರಿಸಿದ್ದೆವು. ಎಡ ಚಕ್ರ ಮುಗಿದಿತ್ತು. ಬಲ ಚಕ್ರದ ಎರಡು ಅಳತೆ ಆಗಿತ್ತು, ಎರಡು ಸಲವೂ ವ್ಯತ್ಯಾಸ ಎರಡು ಮಿಲಿಮೀಟರ್. ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದ ಧಣಿ ತಮಾಷೆಗೆ, "ಏನಕ್ಕಾ, ಅಳೆಯೋದೆಲ್ಲ ನೀವೇ? ಮೇಸ್ತ್ರಿ ನಿಮ್ಮ ಅಸಿಸ್ಟೆಂಟಾ?" ಎಂದರು.

ಅಣ್ಣ ಗಾಬರಿಯಾದದ್ದು ನನಗೆ ಗೊತ್ತಾಯಿತು. ಅವನು ಜೋರಾಗಿ ನಕ್ಕ. "ಅಯ್ಯೋ ಧಣಿ, ಇವ್ಳಿಗೇನ್ ಗೊತ್ತು, ಏಳನೇ ಕ್ಲಾಸು! ಬಗ್ಗಿದ್ರೆ ನಂಗೆ ಸೊಂಟ ಹಿಡ್ಕೊಳ್ಳುತ್ತೆ, ಅದ್ಕೆ ಕರ್ಕೊಂಡಿದ್ದೀನಿ. ದಾರ ಹಿಡಿಯೋಕೆ ಇವಳ ಬದ್ಲು ಒಂದು ಮೊಳೆ ಹೊಡೆದಿದ್ರೂ ನಡೀತಿತ್ತು."

ಧಣಿ ನಕ್ಕರು. ಆಗಷ್ಟೇ ಬಂದು ನಿಂತಿದ್ದ ಹುಡುಗ, ರ್‍ಯಾಲಿಯಲ್ಲಿ ಪಕ್ಕದಲ್ಲಿ ಕೂತು ದಾರಿ ಹೇಳುವವನು, ಅವನೂ ನಕ್ಕ. ತನ್ನ ಕಣ್ಣು ಮುಚ್ಚಿಡಲು ಅಣ್ಣ ಹಾಗೆ ಹೇಳಿದನೆಂದು ನನಗೆ ಆಗಲೇ ತಿಳಿದಿತ್ತು. ತಿಳಿಯಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ತಿಳಿದೂ ನನ್ನ ಕಿವಿ ಬಿಸಿಯಾಯಿತು. ಅವನ ಕಣ್ಣಾಗಿದ್ದವಳು ನಾನು, ಅವನು ನನ್ನನ್ನು ಮೊಳೆ ಎಂದ.

ಅವನು ಕಾರಿನಡಿ ಮಲಗಿ ನಟ್ಟು ಬಿಗಿದ. ಸ್ಪ್ಯಾನರ್ ಠಣ್ಣೆಂದಿತು. "ಏ, ರಾಡ್ ತಿರುಗಿದ ಹಾಗಾಯ್ತು ಕಣೇ. ಅಳೆ ನೋಡುವ."

ನಾನು ಬಗ್ಗಿದೆ. ಸ್ಕೇಲು ಕೈಯಲ್ಲೇ ಇತ್ತು. ದಾರದ ಹತ್ತಿರವೂ ಒಯ್ಯಲಿಲ್ಲ. "ಎರಡೇ ಇದೆ" ಎಂದೆ.

"ಸರಿಯಾಗಿ ನೋಡಿದ್ಯಾ? ನಂಗೆ ಕೈಗೆ ಗೊತ್ತಾಯ್ತಲ್ಲ."

"ಯಾಕೆ, ಮೊಳೆಗೆ ಅಷ್ಟೂ ಗೊತ್ತಾಗಲ್ವಾ?"

ಕಾರಿನಡಿಯಿಂದ ಸ್ಪ್ಯಾನರ್ ನೆಲಕ್ಕಿಟ್ಟ ಸದ್ದು ಬಂತು. ಆಮೇಲೆ ಮೆಲ್ಲಗೆ, "ಆಯ್ತು ಬಿಡು" ಎಂದ. ನನ್ನನ್ನು ನೋಯಿಸಿದ್ದು ಅವನಿಗೆ ಅರ್ಥವಾಗಿತ್ತು. ಹಾಗಾಗಿಯೇ ಮತ್ತೊಮ್ಮೆ ಅಳೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕಾರನ್ನು ಲಾರಿಗೆ ಹತ್ತಿಸಿದರು. ನಾನು ನಾಲ್ಕೂವರೆ ಬಸ್ಸಿಗೆ ಮನೆಗೆ ಹೋಗಿ ಅಡುಗೆ ಮಾಡಿದೆ.

ಮಾರನೆಯ ದಿನ ಇಳಿಜಾರಿನ ತಿರುವಿನಲ್ಲಿ ಧಣಿ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆದುಕೊಂಡು ಹೋಗಿ ಅದರ ಎಡ ಮಗ್ಗುಲು ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ಧಣಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಹುಡುಗನ ತೊಡೆಮೂಳೆ ಎರಡು ಕಡೆ ಮುರಿಯಿತು. ಅವನು ಈಗಲೂ ಕುಂಟುತ್ತಾನೆ. ಬಲ ಚಕ್ರಕ್ಕೆ ಪೆಟ್ಟಾಗಿರಲಿಲ್ಲ, ನಟ್ಟೂ ಬಿಗಿಯಾಗಿಯೇ ಇತ್ತು. ಬೇರೆ ಮೆಕ್ಯಾನಿಕ್ ಬಂದು ಅಳೆದರೆ ಎರಡು ಮಿಲಿಮೀಟರ್ ಇರಬೇಕಾದಲ್ಲಿ ಐದು ಇತ್ತು.

ಮೂರನೆಯ ದಿನ ಧಣಿ ಶೆಡ್ಡಿಗೆ ಬಂದರು. ಕೂಗಾಡಲಿಲ್ಲ. ಆ ಮೆಕ್ಯಾನಿಕ್ ಬರೆದ ಚೀಟಿಯನ್ನು ಅಣ್ಣನ ಕೈಗೆ ಕೊಟ್ಟು, "ಓದಿ ಮೇಸ್ತ್ರಿ" ಎಂದರು. ಅಣ್ಣ ಚೀಟಿಯನ್ನು ದೂರ ಹಿಡಿದ, ಹತ್ತಿರ ಹಿಡಿದ, ಬೆಳಕಿಗೆ ತಿರುಗಿದ. ನಾಲ್ಕು ಜನ ಜೀಪಿನವರು ನಿಂತು ನೋಡುತ್ತಿದ್ದರು.

"ಎಷ್ಟು ದಿನದಿಂದ ಹೀಗೆ?"

ಅಣ್ಣ ಚೀಟಿಯನ್ನು ಮಡಚತೊಡಗಿದ.

"ಸ್ಟೇರಿಂಗ್ ಎಳೀತಿದೆ ಅಂತ ಮೊದ್ಲೇ ಅನ್ನಿಸ್ತು ನಂಗೆ. ಮೇಸ್ತ್ರಿ ಮಾಡಿದ್ದಲ್ವಾ ಅಂತ ಹೋದೆ. ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳ್ಬೇಕಿತ್ತು ನೀವು."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮೂರು ಹೆಜ್ಜೆ ದೂರ. ತಪ್ಪಿದ್ದು ಅವನ ಕಣ್ಣಿಂದಲ್ಲ, ನಾನು ಅಳೆಯಲಿಲ್ಲ ಎಂದು ಹೇಳಲು ಅಷ್ಟೇ ಸಾಕಿತ್ತು. ಆ ಹುಡುಗನ ಕಾಲು ನೆನಪಾಯಿತು, ಬಾಗಿಲು ಬಿಟ್ಟು ಕದಲಲಿಲ್ಲ.

ಅವರೆಲ್ಲ ಹೋದ ಮೇಲೆ ಅಣ್ಣ ಕೇಳಿದ. "ನೀನು ಸ್ಕೇಲ್ ಇಟ್ಟಿದ್ದೆ ಅಲ್ವಾ?"

"ಇಟ್ಟಿದ್ದೆ."

"ಹಾಗಾದ್ರೆ ಆಮೇಲೆ ನಾನೇ ಏನೋ ಮುಟ್ಟಿರ್ಬೇಕು. ನೆನಪಾಗ್ತಿಲ್ಲ. ಕಣ್ಣು ಹೋಯ್ತು ಅಂದ್ಕೊಂಡಿದ್ದೆ ಮಾರಾಯ್ತಿ, ಕೈಯೂ ಹೋಗಿದೆ."

ಅವನ ಕೈಗೆ ಅಂದು ಎಲ್ಲ ಸರಿಯಾಗಿಯೇ ತಿಳಿದಿತ್ತು. ಅದು ನನ್ನೊಬ್ಬಳಿಗೇ ಗೊತ್ತಿತ್ತು.

ಜೀಪಿನವರು ಬರುವುದನ್ನು ನಿಲ್ಲಿಸಿದರು. ಶೆಡ್ಡು ಮುಚ್ಚಿ ಅಣ್ಣ ಜಾವಳಿಗೆ ನಮ್ಮ ಮನೆಗೆ ಬಂದ. ಮೂರು ವರ್ಷ ನಮ್ಮ ಜಗಲಿಯ ಮೇಲೆ ಕೂತ. ಮೊದಲೆಲ್ಲ ತಿರುವಿನಲ್ಲಿ ಜೀಪು ಬರುವ ಸದ್ದಿಗೇ ಇಂಥ ಬೇರಿಂಗ್ ಹೋಗಿದೆ ಎನ್ನುತ್ತಿದ್ದವನು ಈಗ ಗಾಡಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ನಮ್ಮ ಮನೆಯವರು ಒಮ್ಮೆ, "ಭಾವ, ಸ್ಕೂಟರ್ ಹ್ಯಾಂಡ್ಲು ನಡುಗ್ತಿದೆ, ಒಂಚೂರು ಕೈ ಇಟ್ಟು ನೋಡಿ" ಎಂದು ಕೇಳಿದರು. ಅಣ್ಣ ಎರಡೂ ಕೈಯನ್ನು ಹೊದ್ದಿದ್ದ ಶಾಲಿನೊಳಗೆ ಎಳೆದುಕೊಂಡ. "ಬೇರೆ ಯಾರಿಗಾದ್ರೂ ತೋರ್ಸಿ ಮಾರಾಯ್ರೇ. ನನ್ನ ಕೈ ನಂಬ್ಬೇಡಿ."

ಆಸ್ಪತ್ರೆಯಲ್ಲಿ ಕೊನೆಯ ವಾರ. ನಾನು ಗಂಜಿ ಕುಡಿಸುತ್ತಿದ್ದೆ. ಅವನು ಚಮಚವನ್ನು ಪಕ್ಕಕ್ಕೆ ಸರಿಸಿ, "ಅವತ್ತು ಎಲ್ಲರೆದುರು ನಿನ್ನ ಮೊಳೆ ಅಂದೆ. ಮನಸಲ್ಲಿ ಇಟ್ಕೋಬೇಡ ಕಣೇ" ಎಂದ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. "ಬಿಡು, ಯಾವ ಕಾಲದ ಮಾತು" ಎಂದು ಅವನ ಬಾಯಿ ಒರೆಸಿದೆ. ನಾನು ಅವನನ್ನು ಕ್ಷಮಿಸಿದೆನೆಂದು ತಿಳಿದು ಅವನು ಸಮಾಧಾನದಿಂದ ಮಲಗಿದ. ಐದು ದಿನಕ್ಕೆ ತೀರಿಕೊಂಡ.

ತಿಥಿಗೆ ಚಿಕ್ಕ ಧಣಿ ಬಂದಿದ್ದರು. ಊಟ ಮುಗಿಸಿ ಹೊರಟವರನ್ನು ಅಂಗಳದಲ್ಲಿ ತಡೆದು ನಿಲ್ಲಿಸಿದೆ. ಎಲ್ಲ ಹೇಳಿದೆ. ಸ್ಕೇಲು ಇಡಲಿಲ್ಲ, ಸಿಟ್ಟಿಗೆ ಸುಳ್ಳು ಹೇಳಿದೆ, ರಾಡು ತಿರುಗಿದ್ದು ಅಣ್ಣನಿಗೆ ಗೊತ್ತಾಗಿತ್ತು, ನಾನೇ ಇಲ್ಲವೆಂದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ.

ಅವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ನನ್ನನ್ನು ನೋಡಿದ ಅವರ ಕಣ್ಣು ತೇವವಾಗಿತ್ತು.

"ನಿಮ್ಮಂಥ ತಂಗಿ ಎಲ್ರಿಗೂ ಸಿಗಲ್ಲಕ್ಕಾ. ಹೋದವ್ರ ಹೆಸರು ಉಳ್ಸೋಕೆ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಿ."

"ಇಲ್ಲ ಧಣಿ, ನಿಜವಾಗ್ಲೂ ನಾನೇ..."

"ಆಯ್ತು, ಆಯ್ತು. ಅಳಬೇಡಿ. ಮೇಸ್ತ್ರಿನ ನಾನು ಯಾವತ್ತೋ ಕ್ಷಮಿಸಿದ್ದೀನಿ. ಆ ಹುಡುಗನೂ ಕ್ಷಮಿಸಿದ್ದಾನೆ."

ಕೈ ಮುಗಿದು ಅವರು ಹೊರಟುಹೋದರು. ಮೂಡಿಗೆರೆ, ಬಣಕಲ್ಲಿನಲ್ಲಿ ಈಗ ಯಾರನ್ನು ಕೇಳಿದರೂ ಪಾಪ, ಕಣ್ಣಿರಲಿಲ್ಲ ಅವನಿಗೆ ಎನ್ನುತ್ತಾರೆ. ಎಲ್ಲರೂ ಅಣ್ಣನನ್ನು ಕ್ಷಮಿಸಿದ್ದಾರೆ. ಅವನು ಮಾಡಿದ ತಪ್ಪೇನು ಎಂದು ನಾನು ಕೇಳಿದರೆ, ಮತ್ತೆ ಕರುಣೆಯಿಂದ ನನ್ನ ಮುಖ ನೋಡುತ್ತಾರೆ.